ಒಂದು ಊರಿಗೆ ಒಂದು ರಾತ್ರಿ

ಭೂದಾನದ ಮಾತು ಬಂದಾಗಲೆಲ್ಲ ನಾವು ಎಕರೆಗಳ ಲೆಕ್ಕಕ್ಕೆ ಇಳಿಯುತ್ತೇವೆ. ಎಷ್ಟು ಭೂಮಿ ಬಂತು, ಎಷ್ಟು ಹಂಚಿಕೆಯಾಯಿತು, ಅದರಲ್ಲಿ ಕಲ್ಲುಗುಡ್ಡ ಎಷ್ಟು ಎಂದು ಕೇಳುತ್ತೇವೆ. ಕೇಳಬೇಕಾದ ಪ್ರಶ್ನೆಗಳೇ ಅವು. ಆದರೆ ಆಚಾರ್ಯ ವಿನೋಬಾ ಭಾವೆ ಹದಿಮೂರು ವರ್ಷ ಹಳ್ಳಿಯಿಂದ ಹಳ್ಳಿಗೆ ನಡೆದ ಆ ಪಾದಯಾತ್ರೆಯ ಒಂದು ದಿನ ಹೇಗಿತ್ತು ಎಂದು ನಾವು ಕೇಳುವುದು ಕಡಿಮೆ. ಆ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ನೋಡಿದರೆ ಭೂದಾನ ಗೆದ್ದದ್ದೆಲ್ಲಿ, ಸೋತದ್ದೆಲ್ಲಿ ಎಂಬ ಎರಡೂ ಸಂಗತಿಗಳು ನಮಗೆ ಕಾಣುತ್ತವೆ.

ಮೊದಲು ಹಿನ್ನೆಲೆ. 1951ರ ಏಪ್ರಿಲ್‌ನಲ್ಲಿ ಹೈದರಾಬಾದಿನ ಬಳಿಯ ಶಿವರಾಂಪಲ್ಲಿಯಲ್ಲಿ ಸರ್ವೋದಯ ಸಮ್ಮೇಳನ ನಡೆಯಿತು. ವಿನೋಬಾ ವಾರ್ಧಾ ಸಮೀಪದ ಪವನಾರ್ ಆಶ್ರಮದಿಂದ ಅಲ್ಲಿಗೆ ನಡೆದೇ ಬಂದಿದ್ದರು. ತೆಲಂಗಾಣದಲ್ಲಿ ಆಗ ಭೂಮಿಗಾಗಿ ರಕ್ತ ಹರಿಯುತ್ತಿತ್ತು. ಜಮೀನ್ದಾರರ ವಿರುದ್ಧ ರೈತರ ಸಶಸ್ತ್ರ ಹೋರಾಟ ಒಂದು ಕಡೆ, ಪೊಲೀಸ್ ಕಾರ್ಯಾಚರಣೆ ಇನ್ನೊಂದು ಕಡೆ. ವಿನೋಬಾ ಹೈದರಾಬಾದ್ ಜೈಲಿನಲ್ಲಿದ್ದ ಕಮ್ಯುನಿಸ್ಟರನ್ನು ಕಂಡು ಮಾತಾಡಿ, ಆ ಹಳ್ಳಿಗಳ ಕಡೆಗೇ ಹೊರಟರು. ಏಪ್ರಿಲ್ 18ರಂದು ಪೋಚಂಪಲ್ಲಿಯಲ್ಲಿ ದಲಿತ ಕುಟುಂಬಗಳು ತಮಗೆ 80 ಎಕರೆ ಭೂಮಿ ಸಿಕ್ಕರೆ ಬದುಕಿಕೊಳ್ಳುತ್ತೇವೆ ಎಂದವು. ಸರ್ಕಾರಕ್ಕೆ ಬರೆಯುವ ಮಾತು ಬಂತು. ಅಷ್ಟರಲ್ಲಿ ವಿನೋಬಾ ನೆರೆದ ಜನರನ್ನೇ ಕೇಳಿದರು, ಇಲ್ಲಿ ಕೊಡುವವರು ಯಾರಾದರೂ ಇದ್ದೀರಾ? ರಾಮಚಂದ್ರ ರೆಡ್ಡಿ ಎದ್ದು ನಿಂತು 100 ಎಕರೆ ಕೊಡುವುದಾಗಿ ಹೇಳಿದರು. ಹೀಗೆ ಆರಂಭವಾದ ನಡಿಗೆ ಭಾರತದ ಉದ್ದಗಲಕ್ಕೂ ಹಬ್ಬಿತು. ವಿನೋಬಾ ಪವನಾರ್‌ಗೆ ಮರಳಿದ್ದು 1964ರಲ್ಲಿ.

ಯಾತ್ರೆಯ ದಿನ ಶುರುವಾಗುತ್ತಿದ್ದುದು ಕೋಳಿ ಕೂಗುವ ಮುಂಚೆ. ಮೂರು ಗಂಟೆಗೆಲ್ಲ ಏಳುವುದು, ಪ್ರಾರ್ಥನೆ, ಬಳಿಕ ಕತ್ತಲಲ್ಲೇ ಲಾಂದ್ರ ಹಿಡಿದು ಹೊರಡುವುದು. ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆಯುವುದು ಸಾಮಾನ್ಯವಾಗಿತ್ತು. ಹೊರಟಾಗ ವಿನೋಬಾರಿಗೆ 55 ವರ್ಷ. ಹೊಟ್ಟೆಯಲ್ಲಿ ಹುಣ್ಣು ಇದ್ದುದರಿಂದ ಮೊಸರು, ಜೇನಿನಂಥ ಮಿತ ಆಹಾರ. 1952ರ ಕೊನೆಗೆ ಬಿಹಾರದ ಚಾಂಡಿಲ್‌ನಲ್ಲಿ ಮಲೇರಿಯಾ ಬಂದು ಜೀವಕ್ಕೇ ಅಪಾಯವಾಗಿತ್ತು. ಆದರೂ ಅವರ ನಡಿಗೆಯ ವೇಗಕ್ಕೆ ಜೊತೆಯವರು ಓಡಬೇಕಾಗುತ್ತಿತ್ತು. ನಮ್ಮ ಕರ್ನಾಟಕದ ಮಹಾದೇವಿ ತಾಯಿ ಅವರ ಜೊತೆ ನಡೆಯುತ್ತಾ ಆರೈಕೆ ನೋಡಿಕೊಂಡವರಲ್ಲಿ ಒಬ್ಬರು.

ಬೆಳಕು ಹರಿದು ಸ್ವಲ್ಪ ಹೊತ್ತಿಗೆ ಮುಂದಿನ ಊರು. ಊರಿನವರು ಎಲ್ಲೆಯಲ್ಲೇ ಕಾಯುತ್ತಿದ್ದರು. ಮಾವಿನ ತೋರಣ, ವಾದ್ಯ, ಹಾಡು. ಬಂದವರಿಗೆ ಶಾಲೆಯೋ ಯಾರದೋ ಜಗಲಿಯೋ ಬಿಡಾರ. ಊಟ ಊರವರು ಕೊಟ್ಟದ್ದು. ಜೊತೆಗಾರರು ಕೇರಿ ಕೇರಿಗೆ ಹೋಗಿ ಮನೆಯವರ ಜೊತೆ ಮಾತಾಡುತ್ತಿದ್ದರು. ಯಾರಿಗೆ ಭೂಮಿ ಇದೆ, ಯಾರಿಗಿಲ್ಲ, ಯಾರ ಹೊಲದಲ್ಲಿ ಯಾರು ದುಡಿಯುತ್ತಾರೆ ಎಂಬುದು ಹೀಗೆ ತಿಳಿಯುತ್ತಿತ್ತು.

ಸಭೆಯಲ್ಲಿ ವಿನೋಬಾ ಕೇಳುತ್ತಿದ್ದ ರೀತಿ ಸರಳವಾಗಿತ್ತು. ನಿಮಗೆ ಐವರು ಮಕ್ಕಳಿದ್ದರೆ ನನ್ನನ್ನು ಆರನೆಯವನೆಂದು ತಿಳಿಯಿರಿ, ನನ್ನ ಪಾಲನ್ನು ಭೂಮಿ ಇಲ್ಲದವನಿಗೆ ಕೊಡಿ. ಗಾಳಿ, ನೀರು, ಬೆಳಕಿನಂತೆ ಭೂಮಿಯೂ ದೇವರದು ಎಂಬುದು ಅವರ ವಾದ. ಕೊಡುವುದು ದಯೆಯಲ್ಲ, ಬಡವನ ಹಕ್ಕನ್ನು ಅವನಿಗೆ ಮುಟ್ಟಿಸುವುದು ಎಂದು ಅವರು ಹೇಳುತ್ತಿದ್ದರು. ಉಳ್ಳವರ ಸಂಪತ್ತಿನಲ್ಲಿ ಇಲ್ಲದವರ ಪಾಲಿದೆ ಎಂದು ಝಕಾತ್‌ನ ಮೂಲಕ ಕಲಿತಿರುವ ನಮಗೆ ಈ ಮಾತು ಹೊಸತೇನಲ್ಲ. ಹೊಸತಾಗಿದ್ದುದು ಅದನ್ನು ಕೇಳಿದ ಬಗೆ. ಕೇಳುವವನಿಗೆ ಸ್ವಂತ ಮನೆ ಇರಲಿಲ್ಲ, ಚುನಾವಣೆಗೆ ನಿಲ್ಲುವ ಆಸೆ ಇರಲಿಲ್ಲ, ಕೊಟ್ಟ ಭೂಮಿಯಲ್ಲಿ ಒಂದು ಹಿಡಿ ಮಣ್ಣೂ ಅವನಿಗೆ ಬೇಕಿರಲಿಲ್ಲ. ನಾಳೆ ಬೆಳಿಗ್ಗೆ ಅವನು ಊರಲ್ಲೇ ಇರುವುದಿಲ್ಲ. ಹಾಗಾಗಿ ಅವನ ಮೇಲೆ ಅನುಮಾನ ಪಡುವುದು ಕಷ್ಟವಾಗಿತ್ತು. ಒಂದೆರಡು ಎಕರೆ ಇದ್ದ ಬಡ ರೈತರೂ ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು.

ಸಂಜೆ ಪ್ರಾರ್ಥನೆ. ಎಲ್ಲ ಧರ್ಮದವರೂ ಸೇರಬೇಕೆಂದು ವಿನೋಬಾ ಮೌನ ಪ್ರಾರ್ಥನೆಯ ಪದ್ಧತಿ ತಂದರು. ಅವರು ಅರಬ್ಬಿ ಕಲಿತು ಮೂಲದಲ್ಲೇ ಕುರ್‌ಆನ್ ಓದಿದವರು. ಅವರು ಆಯ್ದ ಸೂಕ್ತಗಳ ಸಂಕಲನ 'ರೂಹುಲ್ ಕುರ್‌ಆನ್' 1962ರಲ್ಲಿ ಪ್ರಕಟವಾಯಿತು. ಇಷ್ಟಾದರೂ ಅವರ ಸೌಹಾರ್ದ ನಮಗೆ ಹೆಚ್ಚು ಕಾಣುವುದು ಪುಸ್ತಕದಲ್ಲಲ್ಲ, ದೇವಾಲಯದ ಬಾಗಿಲಲ್ಲಿ. 1953ರಲ್ಲಿ ದೇವಘರ್‌ನಲ್ಲಿ ದಲಿತರ ಜೊತೆ ಗುಡಿಗೆ ಹೋಗಿ ಹೊಡೆತ ತಿಂದರು. 1955ರಲ್ಲಿ ಪುರಿಯಲ್ಲಿ ಜೊತೆಗಿದ್ದ ಫ್ರೆಂಚ್ ಮಹಿಳೆಗೆ ಪ್ರವೇಶವಿಲ್ಲ ಎಂದಾಗ ತಾವೂ ಹಿಂದಿರುಗಿದರು. ಗುರುವಾಯೂರಿನಲ್ಲೂ ಹೀಗೇ ಆಯಿತು. 1958ರಲ್ಲಿ ಪಂಢರಪುರದ ವಿಠಲನ ಗುಡಿಯವರೇ ಕರೆದಾಗ ಅವರು ಒಬ್ಬ ಮುಸ್ಲಿಂ ಹೆಣ್ಣುಮಗಳು ಮತ್ತು ಒಬ್ಬ ಜರ್ಮನ್ ಕ್ರೈಸ್ತ ಮಹಿಳೆಯ ಜೊತೆಗೇ ಒಳಗೆ ಹೋದರು. ದಾರಿಯಲ್ಲಿ ಜೊತೆಗೆ ನಡೆದವರನ್ನು ಬಾಗಿಲಲ್ಲಿ ಬಿಟ್ಟುಹೋಗುವ ದರ್ಶನ ಅವರಿಗೆ ಬೇಡವಾಗಿತ್ತು.

1962ರ ಸೆಪ್ಟೆಂಬರ್‌ನಲ್ಲಿ ಅಸ್ಸಾಮಿನಿಂದ ಬಂಗಾಳಕ್ಕೆ ಹೋಗುವ ದಾರಿಯಲ್ಲಿ ಅವರು ಪೂರ್ವ ಪಾಕಿಸ್ತಾನವನ್ನು, ಅಂದರೆ ಇಂದಿನ ಬಾಂಗ್ಲಾದೇಶವನ್ನು, ಸುಮಾರು ಹದಿನಾರು ದಿನ ನಡೆದು ದಾಟಿದರು. ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಕಾಲ. ಅಲ್ಲಿಯೂ ಅದೇ ದಿನಚರಿ, ಅದೇ ಬೇಡಿಕೆ. ಅಲ್ಲಿಯ ಮುಸ್ಲಿಂ ರೈತರೂ ಭೂಮಿ ಕೊಟ್ಟರು. ಗಡಿ ಬದಲಾದರೂ ಭೂಮಿ ಇಲ್ಲದವನ ಹಸಿವು ಬದಲಾಗಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಮರುದಿನ ಮೂರು ಗಂಟೆಗೆ ಮತ್ತೆ ಲಾಂದ್ರ ಹೊತ್ತಿಕೊಳ್ಳುತ್ತಿತ್ತು. ಯಾತ್ರೆ ಮುಂದಿನ ಊರಿಗೆ ಹೊರಡುತ್ತಿತ್ತು. ಸೋಲು ಶುರುವಾಗುತ್ತಿದ್ದುದು ಇಲ್ಲಿಯೇ. ದಾನಪತ್ರ ಉಳಿಯಿತು, ಕೇಳಿದವನು ಉಳಿಯಲಿಲ್ಲ. ಅನೇಕ ಪತ್ರಗಳಲ್ಲಿ ಜಮೀನಿನ ಸರಿಯಾದ ವಿವರವೇ ಇರಲಿಲ್ಲ. ಕೆಲವು ಕಡೆ ಬಂಜರು ಬಂತು, ಕೆಲವು ಕಡೆ ತಂಟೆಯ ಜಮೀನು ಬಂತು. ಕೆಲವರು ಮನಸ್ಸು ಬದಲಿಸಿದರು, ಕೆಲವರ ಮಕ್ಕಳು ತಕರಾರು ತೆಗೆದರು. ಐದು ಕೋಟಿ ಎಕರೆಯ ಗುರಿ ಇತ್ತು. ಬಂದದ್ದು ಸುಮಾರು 40 ಲಕ್ಷ ಎಕರೆ. ಬಡವರ ಕೈ ಸೇರಿದ್ದು ಅದರ ಒಂದು ಭಾಗ ಮಾತ್ರ. ಪತ್ರ ಇದ್ದೂ ಹೊಲಕ್ಕೆ ಇಳಿಯಲಾಗದೆ ಕಚೇರಿಗೆ ಅಲೆದ ಕೂಲಿಕಾರನಿಗೆ ಆ ಸಭೆಯ ನೆನಪಿನಿಂದ ಹೊಟ್ಟೆ ತುಂಬುವುದಿಲ್ಲ.

ನಮ್ಮ ನಾಡಿನ ಅನುಭವವನ್ನೂ ಇಲ್ಲಿ ನೆನೆಯಬೇಕು. 1957ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ ಗ್ರಾಮದಾನದ ಬಗ್ಗೆ ದೊಡ್ಡ ಸಮಾಲೋಚನೆ ನಡೆಯಿತು. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ಪ್ರಧಾನಿ ನೆಹರೂ, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಒಂದೇ ಕಡೆ ಕುಳಿತು ಅದಕ್ಕೆ ಬೆಂಬಲ ಹೇಳಿದರು. ಆದರೆ ಕರ್ನಾಟಕದ ಗೇಣಿದಾರರಿಗೆ ದೊಡ್ಡ ಪ್ರಮಾಣದಲ್ಲಿ ಭೂಮಿ ಸಿಕ್ಕಿದ್ದು ಆ ಬೆಂಬಲದಿಂದಲ್ಲ, ದೇವರಾಜ ಅರಸರ ಕಾಲದಲ್ಲಿ 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ. ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು, ಉಳುವವನು ಹೊಲದೊಡೆಯನಾದ. ಕರಾವಳಿಯಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಒಕ್ಕಲುಗಳೆಲ್ಲ ಇದರ ಫಲ ಉಂಡವರೇ. ಆದರೆ ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವನಿಗೆ ಆ ಕಾಯ್ದೆಯಿಂದಲೂ ಹೆಚ್ಚು ದಕ್ಕಲಿಲ್ಲ. ಪೋಚಂಪಲ್ಲಿಯಲ್ಲಿ ಎದ್ದು ನಿಂತು ಭೂಮಿ ಕೇಳಿದ್ದು ಅವನೇ.

ಹಾಗಾದರೆ ಕಾನೂನು ಸಾಕು, ನಡಿಗೆ ಬೇಡ ಎನ್ನೋಣವೇ? ನಾವು ಹಾಗೆ ಹೇಳಲಾರೆವು. ಕಾನೂನಿಗೆ ಬಾಗಿಲು ತಟ್ಟಿ ಒಳಗೆ ಬಂದು ಕೂರಲು ಬರುವುದಿಲ್ಲ. ಅನುಮಾನದ ಊರಿನಲ್ಲಿ, ಅನ್ಯರೆನಿಸಿದವರ ಮನೆಯಲ್ಲಿ ಒಂದು ಹೊತ್ತು ಉಂಡು, ಒಂದು ರಾತ್ರಿ ಮಲಗಿ, ಎದುರಿನವನ ಒಳ್ಳೆಯತನವನ್ನು ನಂಬಿ ಕೈ ಚಾಚುವ ಕೆಲಸ ಮನುಷ್ಯನೇ ಮಾಡಬೇಕು. ಅದನ್ನು ವಿನೋಬಾ ಮಾಡಿದರು. ಅವರಿಂದ ಆಗದೆ ಉಳಿದದ್ದು ಮರುದಿನದ ಕೆಲಸ, ಅಂದರೆ ಪತ್ರ ಹಿಡಿದು ತಾಲೂಕು ಕಚೇರಿಗೆ ಹೋಗುವುದು, ಗಡಿಕಲ್ಲು ನೆಡಿಸುವುದು, ಬಡವನು ಹೊಲಕ್ಕೆ ಇಳಿಯುವವರೆಗೆ ಅವನ ಪಕ್ಕದಲ್ಲಿ ನಿಲ್ಲುವುದು. ನಮ್ಮ ಕಾಲದಲ್ಲೂ ಸೌಹಾರ್ದ ನಡಿಗೆಗಳು, ಜಾಥಾಗಳು ಆಗುತ್ತವೆ. ನಾವೂ ನಡೆಯುತ್ತೇವೆ, ಭಾಷಣ ಮಾಡುತ್ತೇವೆ, ಪಟ ತೆಗೆಸಿಕೊಂಡು ಊರು ಬಿಡುತ್ತೇವೆ. ಬಿಡುವ ಮುಂಚೆ ನಮ್ಮಲ್ಲಿ ಒಬ್ಬರಾದರೂ ಎರಡನೆಯ ದಿನಕ್ಕೆ ಅಲ್ಲೇ ಉಳಿಯುತ್ತೇವೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.