ನಮ್ಮಲ್ಲಿ ಇಲ್ವಾ ತಿಮಿಂಗಿಲ?

ನಾರ್ವೆಯಿಂದ ಊರಿಗೆ ಫೋನ್ ಮಾಡಿ, "ನಾಡಿದ್ದು ತಿಮಿಂಗಿಲದ ಜೊತೆ ಈಜ್ಲಿಕ್ಕೆ ಹೋಗ್ತಿದ್ದೇನೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಮ್ಮ ಕೇಳಿದರು: "ಅದಕ್ಕೆ ಅಷ್ಟು ದೂರ ಎಂಥಕ್ಕೆ ಹೋಗುದು? ನಮ್ಮ ಸಮುದ್ರದಲ್ಲಿ ಇಲ್ವಾ?"

ನಗು ಬಂತು. ಆದರೆ ಉತ್ತರ ಬರಲಿಲ್ಲ. ಮಿಜಾರಿನಿಂದ ಸಮುದ್ರಕ್ಕೆ ಹೆಚ್ಚೆಂದರೆ ಒಂದು ಗಂಟೆಯ ದಾರಿ. ವಾರಕ್ಕೆ ನಾಲ್ಕು ದಿನ ಬೂತಾಯಿ, ಬಂಗುಡೆ ತಿಂದು ಬೆಳೆದವನು ನಾನು. ಅರಬ್ಬೀ ಸಮುದ್ರದಲ್ಲಿ ತಿಮಿಂಗಿಲ ಇದೆಯಾ, ಇಲ್ಲವಾ ಅಂತ ಮೂವತ್ತು ದಾಟಿದ ಮೇಲೂ ಗೊತ್ತಿರಲಿಲ್ಲ. ಆರ್ಕ್ಟಿಕ್‌ನಲ್ಲಿ ಯಾವ ತಿಂಗಳು ಎಷ್ಟು ತಿಮಿಂಗಿಲ ಬರುತ್ತವೆ ಅನ್ನುವುದು ಮಾತ್ರ ಇನ್‌ಸ್ಟಾಗ್ರಾಂ ದಯೆಯಿಂದ ಬಾಯಿಪಾಠ ಆಗಿತ್ತು.

ಆನ್‌ಸೈಟ್ ಕೆಲಸದ ನಡುವೆ ಸಿಕ್ಕಿದ ನಾಲ್ಕು ದಿನ ರಜೆ ಅದು. ಟ್ರೋಮ್ಸೋ ಊರಿಗೆ ವಿಮಾನ, ಅಲ್ಲಿಂದ ಇನ್ನೂ ಉತ್ತರಕ್ಕೆ ಶೆರ್ವೋಯ್ ಎಂಬ ಮೀನುಗಾರರ ದ್ವೀಪ. ಉತ್ತರ ಅಕ್ಷಾಂಶ 70 ಡಿಗ್ರಿ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಮಧ್ಯಾಹ್ನದ ಹೊತ್ತು ಮೂರು ನಾಲ್ಕು ಗಂಟೆ ಮುಸ್ಸಂಜೆಯಂಥ ನೀಲಿ ಬೆಳಕು ಬರುತ್ತದೆ, ಅಷ್ಟೇ. ಆ ಬೆಳಕಿನಲ್ಲೇ ಎಲ್ಲ ಮುಗಿಸಬೇಕು. ಚರ್ಚ್ ಗಂಟೆಯಷ್ಟು ಭಾರದ ಡ್ರೈಸೂಟ್ ಹಾಕಿಸಿ, ಮುಖಕ್ಕೆ ಮಾಸ್ಕ್ ಕಟ್ಟಿಸಿ, ರಬ್ಬರ್ ದೋಣಿಯ ಅಂಚಿನಲ್ಲಿ ಕೂರಿಸಿದರು. ನಿಯಮ ಸರಳ: ಹಾರಬಾರದು, ಸದ್ದಿಲ್ಲದೆ ಜಾರಬೇಕು. ಬೆನ್ನಟ್ಟಬಾರದು. ಮುಟ್ಟಲೇಬಾರದು. ಮೀನು ಹಿಡಿಯುವ ಹಡಗುಗಳ ಹತ್ತಿರ ಹೋಗುವಂತಿಲ್ಲ, ಅದಕ್ಕೆ ಕಾನೂನೇ ಇದೆ.

ತೋಟದ ಕೆರೆಯಲ್ಲಿ ಎರಡು ಒಣ ತೆಂಗಿನಕಾಯಿ ಸೊಂಟಕ್ಕೆ ಕಟ್ಟಿಕೊಂಡು ಈಜು ಕಲಿತವನು ನಾನು. ಐದಾರು ಡಿಗ್ರಿಯ ನೀರಿಗೆ ಮುಖ ಇಟ್ಟಾಗ ಕೆನ್ನೆಗೆ ಯಾರೋ ಬಾರಿಸಿದ ಹಾಗಾಯಿತು. ಕೆಳಗೆ ಕಪ್ಪು. ಮೊದಲು ಕೇಳಿಸಿದ್ದು ಸದ್ದು: ಕೀಲು ಒಣಗಿದ ಬಾಗಿಲಿನ ಕಿರ್‌ಕಿರ್, ನಡುನಡುವೆ ಟಕಟಕ. ಆಮೇಲೆ ಕಪ್ಪಿನೊಳಗಿಂದ ಬಿಳಿ ಮಚ್ಚೆ ಮೇಲೆ ಬಂತು. ಓರ್ಕಾ. ಒಂದಲ್ಲ, ಆರೋ ಏಳೋ. ನನ್ನ ಕೆಳಗಿನಿಂದಲೇ, ನನ್ನನ್ನು ಲೆಕ್ಕಕ್ಕೇ ಇಡದೆ ಹಾದುಹೋದವು. ಅವಕ್ಕೆ ಕೆಲಸ ಇತ್ತು. ಹೆರಿಂಗ್ ಮೀನಿನ ಹಿಂಡನ್ನು ಸುತ್ತುವರಿದು ಚೆಂಡಿನಂತೆ ಒತ್ತಿ, ಬಾಲದಿಂದ ಬಡಿದು, ತಲೆ ತಿರುಗಿದ ಮೀನುಗಳನ್ನು ಒಂದೊಂದಾಗಿ ತಿನ್ನುತ್ತವೆ. ಅವು ಕಷ್ಟಪಟ್ಟು ಕೂಡಿಸಿದ ಚೆಂಡಿಗೆ ಕೆಳಗಿನಿಂದ ಬಾಯಿ ತೆರೆದು ಬರುವುದು ಹಂಪ್‌ಬ್ಯಾಕ್, ಗೂನುಬೆನ್ನಿನ ತಿಮಿಂಗಿಲ. ಕರೆಯದಿದ್ದರೂ ಊಟಕ್ಕೆ ಬರುವ ನೆಂಟ.

ಮೂರನೇ ಸಲ ಇಳಿದಾಗ ಓರ್ಕಾಗಳು ದಿಕ್ಕು ಬದಲಿಸಿದವು. ಗೈಡ್ ತಕ್ಷಣ ಎಲ್ಲರನ್ನೂ ಮೇಲಕ್ಕೆ ಕರೆದಳು. "ಸಾಕು. ಅವಕ್ಕೆ ನಾವು ಬೇಡವಂತೆ." ದುಡ್ಡು ಕೊಟ್ಟವರಲ್ಲಿ ಒಬ್ಬರೂ ಜಗಳ ಆಡಲಿಲ್ಲ.

ಸಂಜೆ ಟ್ರೋಮ್ಸೋಗೆ ವಾಪಸ್ ಬಂದು ಹೋಟೆಲಿನ ಮೆನು ನೋಡಿದರೆ, ಅದರಲ್ಲಿ ತಿಮಿಂಗಿಲದ ಸ್ಟೀಕ್. ಮಿಂಕೆ ಎಂಬ ಸಣ್ಣ ಜಾತಿಯದ್ದು. ನಾರ್ವೆ ಈಗಲೂ ಅದನ್ನು ಬೇಟೆಯಾಡುತ್ತದೆ, ಕಾನೂನಿನ ಪ್ರಕಾರವೇ. ಬೆಳಿಗ್ಗೆ ಜೊತೆಗೆ ಈಜುವುದಕ್ಕೂ ರಾತ್ರಿ ತಟ್ಟೆಗೆ ಬರುವುದಕ್ಕೂ ಒಂದೇ ಊರು. ಆ ರಾತ್ರಿ ನಿದ್ದೆ ಬರಲಿಲ್ಲ. ಕೋಣೆಯಲ್ಲಿ ಕೂತು ಓದಲು ಶುರುಮಾಡಿದೆ.

ತಿಮಿಂಗಿಲ ಬೇಟೆಯನ್ನು ಕಾರ್ಖಾನೆ ಮಟ್ಟಕ್ಕೆ ಏರಿಸಿದ್ದು ಇದೇ ನಾರ್ವೆ. ಹಳೆಯ ಕಾಲದ ಬೇಟೆಗಾರರಿಗೆ ನೀಲಿ ತಿಮಿಂಗಿಲ ಸಿಗುತ್ತಿರಲಿಲ್ಲ. ಅದು ಹುಟ್ಟುಗೋಲಿನ ದೋಣಿಗಿಂತ ವೇಗ, ಸತ್ತರೆ ಮುಳುಗುತ್ತದೆ. ಸ್ವೆಂಡ್ ಫೋಯ್ನ್ ಎಂಬ ನಾವಿಕ 1863ರಲ್ಲಿ ಉಗಿಯಂತ್ರದ ಬೇಟೆಹಡಗು ಕಟ್ಟಿಸಿದ. ತಿಮಿಂಗಿಲದ ಮೈಯೊಳಗೆ ಹೊಕ್ಕು ಸಿಡಿಯುವ ಫಿರಂಗಿ ಈಟಿಗೆ 1870ರಲ್ಲಿ ಪೇಟೆಂಟ್ ಪಡೆದ. ಅವನು ಕೆಲಸ ಶುರುಮಾಡಿದ್ದು ಉತ್ತರ ತುದಿಯ ಫಿನ್‌ಮಾರ್ಕ್ ಕರಾವಳಿಯಲ್ಲಿ, ನಾನು ಈಜಿದ ಜಾಗದಿಂದ ಪೂರ್ವಕ್ಕೆ. ಎಣ್ಣೆ ದೀಪಕ್ಕೆ ಹೋಯಿತು, ಸೋಪಿಗೆ ಹೋಯಿತು. ಇಪ್ಪತ್ತನೇ ಶತಮಾನದಲ್ಲಿ ಎಣ್ಣೆಗೆ ಜಲಜನಕ ಸೇರಿಸಿ ಗಟ್ಟಿ ಮಾಡುವುದು ಕಲಿತ ಮೇಲೆ ಮಾರ್ಗರೀನ್ ಆಗಿ ಯುರೋಪಿನ ಬ್ರೆಡ್ಡಿನ ಮೇಲೆ ಕೂತಿತು. ನಮ್ಮ ಡಾಲ್ಡಾ ಮಾಡಿದ್ದೂ ಇದೇ ವಿದ್ಯೆಯಿಂದ, ಸಸ್ಯದ ಎಣ್ಣೆಯಲ್ಲಿ.

ಇದನ್ನು ಮೊದಲು ವಿರೋಧಿಸಿದವರು ಪ್ರಾಣಿಪ್ರಿಯರಲ್ಲ, ಮೀನುಗಾರರು. ತಿಮಿಂಗಿಲಗಳೇ ಮೀನನ್ನು ದಡದ ಕಡೆ ಅಟ್ಟಿಕೊಂಡು ಬರುತ್ತವೆ ಎಂಬುದು ಅವರ ನಂಬಿಕೆ. ತಿಮಿಂಗಿಲ ಸತ್ತರೆ ನಮ್ಮ ಬಲೆ ಖಾಲಿ ಅಂತ ವರ್ಷಗಟ್ಟಲೆ ಸರಕಾರಕ್ಕೆ ಹೇಳಿದರು. ಕೇಳದಿದ್ದಾಗ 1903ರಲ್ಲಿ ಮೆಹಾಮ್ನ್ ಎಂಬಲ್ಲಿ ಗುಂಪಾಗಿ ನುಗ್ಗಿ ತಿಮಿಂಗಿಲ ಕಾರ್ಖಾನೆಯನ್ನೇ ಕೆಡವಿಹಾಕಿದರು. 1904ರಿಂದ ಉತ್ತರ ನಾರ್ವೆಯಲ್ಲಿ ಹತ್ತು ವರ್ಷ ಬೇಟೆ ನಿಷೇಧವಾಯಿತು. ಕಂಪನಿಗಳು ಸುಮ್ಮನಿರಲಿಲ್ಲ. ಅದೇ 1904ರಲ್ಲಿ ಭೂಮಿಯ ಇನ್ನೊಂದು ತುದಿಯಲ್ಲಿ, ಅಂಟಾರ್ಕ್ಟಿಕ ಸಮೀಪದ ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ, ನಾರ್ವೆಯ ಕಾರ್ಲ್ ಆಂಟನ್ ಲಾರ್ಸನ್ ಹೊಸ ನೆಲೆ ತೆರೆದ. ಆ ಶತಮಾನದಲ್ಲಿ ಪ್ರಪಂಚದ ಎಲ್ಲ ದೇಶಗಳು ಸೇರಿ ಕೊಂದದ್ದು ಸುಮಾರು 29 ಲಕ್ಷ ತಿಮಿಂಗಿಲ.

ಓರ್ಕಾಗಳ ಕತೆ ಬೇರೆ. ಅವುಗಳ ಮೇಲೆ ಇದ್ದ ಸಿಟ್ಟು ಹೆರಿಂಗ್‌ನದ್ದು. 1960ರ ದಶಕದಲ್ಲಿ ಸೋನಾರ್, ಯಂತ್ರದಿಂದ ಎಳೆಯುವ ದೊಡ್ಡ ಪರ್ಸೀನ್ ಬಲೆ ಬಂದ ಮೇಲೆ ನಾರ್ವೆಯ ಹೆರಿಂಗ್ ಹೆಚ್ಚುಕಡಿಮೆ ಬರಿದಾಯಿತು. ಬಲೆ ಹಾಕಿದವರು ಮನುಷ್ಯರು, ದೂರು ಹೋದದ್ದು ಓರ್ಕಾಗಳ ಮೇಲೆ. 1938ರಿಂದ 1981ರೊಳಗೆ ನಾರ್ವೆಯಲ್ಲಿ 2,400ಕ್ಕೂ ಹೆಚ್ಚು ಓರ್ಕಾ ಸತ್ತವು. ಆಮೇಲೆ ಹೆರಿಂಗ್ ಹಿಡಿಯುವುದಕ್ಕೆ ಲಗಾಮು ಹಾಕಿದರು, ಮೀನು ನಿಧಾನಕ್ಕೆ ವಾಪಸ್ ಬಂತು, ಅದರ ಹಿಂದೆ ಓರ್ಕಾ, ಓರ್ಕಾದ ಹಿಂದೆ ನಮ್ಮಂಥ ಟೂರಿಸ್ಟುಗಳು.

ಇಲ್ಲಿ ಒಂದು ಲೆಕ್ಕ ನನ್ನನ್ನು ಹಿಡಿದು ನಿಲ್ಲಿಸಿತು. ಓರ್ಕಾ ಗುಂಪಿಗೆ ಯಜಮಾನಿ ವಯಸ್ಸಾದ ಹೆಣ್ಣು. ಕೆಲವು ಎಂಬತ್ತು ವರ್ಷದವರೆಗೂ ಬದುಕುತ್ತವೆ. ಅಂದರೆ ಆ ಮಧ್ಯಾಹ್ನ ನನ್ನ ಕೆಳಗಿನಿಂದ ಹಾದುಹೋದ ಗುಂಪಿನ ಅಜ್ಜಿ, ಗುಂಡು ಹಾರುತ್ತಿದ್ದ ಕಾಲದಲ್ಲೇ ಮರಿಯಾಗಿ ಇದೇ ನೀರಿನಲ್ಲಿ ಇದ್ದಿರಬಹುದು. ನಾನು ಟಿಕೆಟ್ ಕೊಟ್ಟು ನೋಡಿದ್ದು 'ಪ್ರಕೃತಿಯ ಸೌಮ್ಯತೆ' ಅಲ್ಲ. ಬರೀ ನಲವತ್ತು ಚಿಲ್ಲರೆ ವರ್ಷದ ಕದನವಿರಾಮ.

ಇಷ್ಟೆಲ್ಲ ಅವರ ಕತೆ ಅಂದುಕೊಂಡಿದ್ದೆ. ಆದರೆ ಪರ್ಸೀನ್ ಎಂಬ ಶಬ್ದ ಕಿವಿಗೆ ಹೊಸದಾಗಿರಲಿಲ್ಲ. ಮಂಗಳೂರು, ಮಲ್ಪೆ ಕಡೆ ಯಾರನ್ನು ಕೇಳಿದರೂ ಗೊತ್ತು. 1970ರ ದಶಕದ ನಡುವಿನಲ್ಲಿ ಆ ಬಲೆ ನಮ್ಮ ಕರಾವಳಿಗೆ ಬಂದಾಗ, ದಡದಲ್ಲಿ ನಿಂತು ಊರಿಗೆ ಊರೇ ಎಳೆಯುತ್ತಿದ್ದ ರಂಪಣಿ ಬಲೆಯ ಬದುಕು ಮುಗಿಯತೊಡಗಿತು. ಜಗಳ, ಹೊಡೆದಾಟ ಎಲ್ಲ ಆಯಿತು. ಮೆಹಾಮ್ನ್ ಮೀನುಗಾರರ ಸಿಟ್ಟು ನಮ್ಮ ಮೊಗವೀರರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾರ್ವೆಯೂ ನಮಗೆ ಅಪರಿಚಿತ ಅಲ್ಲ. 1952ರ ಒಪ್ಪಂದದಿಂದ ಹುಟ್ಟಿದ ಇಂಡೋ-ನಾರ್ವೇಜಿಯನ್ ಪ್ರಾಜೆಕ್ಟ್ ಮೊದಲು ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ ಯಾಂತ್ರಿಕ ದೋಣಿಗಳನ್ನು ತಂದಿತು, ಆಮೇಲೆ ನಮ್ಮ ಕಾರವಾರಕ್ಕೂ ಕಾಲಿಟ್ಟಿತು. ಸಮುದ್ರ ಬೇರೆ, ಯಂತ್ರ ಒಂದೇ.

ಹಾಗಾದರೆ ಅಮ್ಮನ ಪ್ರಶ್ನೆ? ನಮ್ಮಲ್ಲಿ ಇಲ್ವಾ?

ಇವೆ. ಅರಬ್ಬೀ ಸಮುದ್ರದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳಿವೆ, ಅದೂ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದಂಥವು. ಉಳಿದ ಹಂಪ್‌ಬ್ಯಾಕ್‌ಗಳು ಬೇಸಿಗೆಯಲ್ಲಿ ಧ್ರುವದ ಕಡೆ ಉಣ್ಣಲಿಕ್ಕೆ, ಚಳಿಗಾಲದಲ್ಲಿ ಬಿಸಿನೀರಿಗೆ ಹೆರಲಿಕ್ಕೆ ಅಂತ ಸಾವಿರಾರು ಕಿಲೋಮೀಟರ್ ಓಡಾಡುತ್ತವೆ. ಶೆರ್ವೋಯ್‌ನಲ್ಲಿ ನಾನು ನೋಡಿದವು ಕೆರಿಬಿಯನ್ ಕಡೆ ಹೋಗುವ ದಾರಿಯಲ್ಲಿ ಬುತ್ತಿ ಕಟ್ಟಿಕೊಳ್ಳುತ್ತಿದ್ದವು. ನಮ್ಮವು ಹಾಗಲ್ಲ. ಮಳೆಗಾಲದ ಗಾಳಿ ಸಮುದ್ರದ ತಳದಿಂದ ತಂಪು ನೀರು ಎಬ್ಬಿಸಿ ಮೀನು ತುಂಬಿಸುತ್ತದೆ. ಊಟ, ಹೆರಿಗೆ ಎರಡೂ ಇಲ್ಲೇ ಆಗುತ್ತದೆ. 2014ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದ ಪ್ರಕಾರ ಇವು ಉಳಿದ ಹಂಪ್‌ಬ್ಯಾಕ್‌ಗಳಿಂದ ಬೇರೆಯಾಗಿ ಸುಮಾರು 70,000 ವರ್ಷ ಆಗಿದೆ.

ಇದೆಲ್ಲ ಪ್ರಪಂಚಕ್ಕೆ ಗೊತ್ತಾದ ರೀತಿ ಮಾತ್ರ ಭಯಂಕರ. 1963ರಿಂದ 1966ರ ನಡುವೆ ಸೋವಿಯತ್ ಬೇಟೆಹಡಗುಗಳು ಅಂಟಾರ್ಕ್ಟಿಕಕ್ಕೆ ಹೋಗುವ ದಾರಿಯಲ್ಲಿ ಅರಬ್ಬೀ ಸಮುದ್ರಕ್ಕೆ ನುಗ್ಗಿದವು. ಅಂತರರಾಷ್ಟ್ರೀಯ ನಿಯಮದಂತೆ ಅಲ್ಲಿ ಬೇಟೆಯಾಡುವಂತಿರಲಿಲ್ಲ. ಒಮಾನ್, ಪಾಕಿಸ್ತಾನ, ವಾಯವ್ಯ ಭಾರತದ ಕರಾವಳಿಯಾಚೆ ಅವರು ಕೊಂದ ಹಂಪ್‌ಬ್ಯಾಕ್‌ಗಳು 242. ಅವುಗಳಲ್ಲಿ 238 ಸತ್ತದ್ದು 1966ರ ನವೆಂಬರ್ ಒಂದೇ ತಿಂಗಳಲ್ಲಿ.

ಯಾಕೆ? ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ: ಟಾರ್ಗೆಟ್. ಮಾಸ್ಕೋ ಪ್ರತಿ ಹಡಗಿಗೂ ಇಷ್ಟು ಟನ್ ಅಂತ ಗುರಿ ಕೊಡುತ್ತಿತ್ತು. ಮುಟ್ಟಿದರೆ ಬೋನಸ್, ಮುಂದಿನ ವರ್ಷ ಗುರಿ ಇನ್ನೂ ಮೇಲೆ. ಅಷ್ಟು ಎಣ್ಣೆ, ಮಾಂಸ ದೇಶಕ್ಕೆ ಬೇಕಿತ್ತಾ ಅಂತ ಕೇಳುವವರಿಲ್ಲ. ಲೆಕ್ಕಪುಸ್ತಕ ಎರಡು: ಅಂತರರಾಷ್ಟ್ರೀಯ ಆಯೋಗಕ್ಕೆ ಕಳಿಸುವ ಸುಳ್ಳು ಅಂಕಿ ಒಂದು, ಒಳಗಿನ ನಿಜದ ಅಂಕಿ ಇನ್ನೊಂದು. ಹಡಗಿನಲ್ಲಿದ್ದ ಜೀವಶಾಸ್ತ್ರಜ್ಞರು ಮಾತ್ರ ಪ್ರತಿ ಹೆಣವನ್ನೂ ಅಳೆದು, ಹೊಟ್ಟೆ ಸೀಳಿ, ಗರ್ಭ ನೋಡಿ ಬರೆದಿಟ್ಟರು. ಅವರಲ್ಲಿ ಒಬ್ಬರು ಆ ದಾಖಲೆಗಳನ್ನು ವರ್ಷಗಟ್ಟಲೆ ಮನೆಯ ಆಲೂಗಡ್ಡೆ ನೆಲಮಾಳಿಗೆಯಲ್ಲಿ ಬಚ್ಚಿಟ್ಟಿದ್ದರು. ಸೋವಿಯತ್ ಒಕ್ಕೂಟ ಮುಳುಗಿದ ಮೇಲೆ, 1993ರಲ್ಲಿ ಅಲೆಕ್ಸಿ ಯಾಬ್ಲೊಕೋವ್ ಈ ಮೋಸವನ್ನು ಹೊರಗೆ ಹೇಳಿದರು. ಅರಬ್ಬೀ ಸಮುದ್ರದ ಅಂಕಿಗಳನ್ನು ಯೂರಿ ಮಿಖಾಲೆವ್ 1997ರಲ್ಲಿ ಪ್ರಕಟಿಸಿದರು. ಈ ತಿಮಿಂಗಿಲಗಳು ವರ್ಷವಿಡೀ ಇಲ್ಲೇ ಇದ್ದು ಇಲ್ಲೇ ಹೆರುತ್ತವೆ ಎಂಬುದಕ್ಕೆ ದೊಡ್ಡ ಸಾಕ್ಷಿ ಸಿಕ್ಕಿದ್ದು ಆ ಕೊಂದ ಹೆಣ್ಣುಗಳ ಗರ್ಭದಿಂದ.

ಈ ಭಾಗ ಎರಡು ಸಲ ಓದಿದೆ. ನನ್ನ ಅಪ್ಪ ಹುಟ್ಟಿದ ಮೇಲೆ ನಡೆದದ್ದು ಇದು. ನಮ್ಮದೇ ಸಮುದ್ರ, ನಮ್ಮದೇ ಬೂತಾಯಿ ತಿನ್ನುವ ಜೀವ. ಕೊಂದವರು ಬರೆದಿಟ್ಟ ಕಾರಣ ನಮಗೆ ಗೊತ್ತಾಯಿತು.

ಇನ್ನೂ ಎಷ್ಟು ಉಳಿದಿವೆ? ಒಮಾನ್ ಕರಾವಳಿಯಲ್ಲಿ ಫೋಟೋ ತೆಗೆದು, ಬಾಲದ ಗುರುತು ಹಿಡಿದು ಮಾಡಿದ ಅಂದಾಜು ನೂರಕ್ಕಿಂತ ಕಡಿಮೆ. 1972ರ ನಮ್ಮ ವನ್ಯಜೀವಿ ಕಾಯಿದೆಯಲ್ಲಿ ತಿಮಿಂಗಿಲಕ್ಕೆ ಮೊದಲ ಅನುಸೂಚಿಯ ರಕ್ಷಣೆ ಉಂಟು. 1979ರಲ್ಲಿ ಇಡೀ ಹಿಂದೂ ಮಹಾಸಾಗರವನ್ನು ತಿಮಿಂಗಿಲಗಳ ಅಭಯಧಾಮ ಅಂತ ಘೋಷಿಸಿದರು. 1982ರಲ್ಲಿ ಎಲ್ಲ ವಾಣಿಜ್ಯ ಬೇಟೆಗೂ ತಡೆ ಹಾಕುವ ತೀರ್ಮಾನವಾಯಿತು. ಈಗ ಈಟಿ ಇಲ್ಲ. ಇರುವುದು ಬಲೆ, ಹಡಗಿನ ಡಿಕ್ಕಿ. ನಮ್ಮ ಪೇಪರಿನಲ್ಲಿ ತಿಮಿಂಗಿಲದ ಸುದ್ದಿ ಬರುವುದು ಎರಡೇ ಕಾರಣಕ್ಕೆ: ಸತ್ತು ದಡಕ್ಕೆ ಬಿದ್ದಾಗ, ಇಲ್ಲವೇ 'ತಿಮಿಂಗಿಲ ವಾಂತಿ' ಮಾರುವವರು ಪೊಲೀಸರ ಕೈಗೆ ಸಿಕ್ಕಾಗ.

ಆದರೆ ಇನ್ನೊಂದು ಸುದ್ದಿಯೂ ಇದೆ. 2017ರ ಕೊನೆಗೆ ಒಮಾನ್‌ನಲ್ಲಿ ಒಂದು ಹೆಣ್ಣು ಹಂಪ್‌ಬ್ಯಾಕ್‌ಗೆ ಉಪಗ್ರಹದ ಟ್ಯಾಗ್ ಹಾಕಿದರು. ಹೆಸರು ಲುಬಾನ್. ಅರಬ್ಬಿಯಲ್ಲಿ ಧೂಪ ಅಂತ ಅರ್ಥ, ನಮ್ಮ ಲೋಬಾನ ಬಂದದ್ದೂ ಅದೇ ಪದದಿಂದ. ಅವಳು ಅರಬ್ಬೀ ಸಮುದ್ರ ದಾಟಿ ಭಾರತದ ದಕ್ಷಿಣ ತುದಿಯವರೆಗೆ ಬಂದು, ವಾಪಸ್ ಒಮಾನ್‌ಗೆ ಹೋದಳು. ಆಚೆ ದಡದ ಸರಕು, ಕುದುರೆ, ಕತೆ ಎಲ್ಲ ನಮ್ಮ ಕರಾವಳಿಗೆ ಬಂದದ್ದು ಆ ಸಮುದ್ರ ದಾಟಿಯೇ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೈಸ್ಕೂಲಿನಲ್ಲಿ ಹೋದಾಗ ಮೇಷ್ಟ್ರು ಕಲ್ಲಿನಲ್ಲಿ ಕೆತ್ತಿದ ಜಿರಾಫೆ ತೋರಿಸಿದ್ದರು. ಆಫ್ರಿಕಾದ ಪ್ರಾಣಿ ನಮ್ಮೂರಿನ ಪಕ್ಕದ ಕಲ್ಲಿನ ಮೇಲೆ! ದೂರದ ಪ್ರಾಣಿಯನ್ನು ಬೆರಗಿನಿಂದ ನೋಡುವ ಚಾಳಿ ನನಗೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಗುತ್ತದೆ. ಹತ್ತಿರದ್ದನ್ನು ನೋಡುವುದನ್ನು ಇನ್ನು ಕಲಿಯಬೇಕು.

ಊರಿಗೆ ಹೋದಾಗ ಅಮ್ಮ ಬೂತಾಯಿ ಪುಳಿಮುಂಚಿ ಮಾಡಿದ್ದರು. ಬಡಿಸುವಾಗ ಕೇಳಿದರು, "ಕಂಡಿತಾ ನಿನ್ನ ತಿಮಿಂಗಿಲ?"

"ಕಂಡಿತು. ನಮ್ಮಲ್ಲೂ ಉಂಟಂತೆ ಅಮ್ಮ. ನೂರೂ ಇಲ್ಲ."

"ನೂರೂ ಇಲ್ವಾ?" ಅಮ್ಮ ಸೌಟು ಹಿಡಿದುಕೊಂಡು ಹಾಗೇ ನಿಂತರು. "ಮತ್ತೆ ಅದನ್ನು ಯಾರಾದ್ರೂ ನೋಡಿಕೊಳ್ತಾರಾ?"

ಮೊದಲ ಪ್ರಶ್ನೆಗೆ ಉತ್ತರ ಹುಡುಕಲು ನಾನು 70 ಡಿಗ್ರಿ ಉತ್ತರದವರೆಗೆ ಹೋಗಿದ್ದೆ. ಇದಕ್ಕೆ ಉತ್ತರ ಬೇಕಾದರೆ ಮಲ್ಪೆ ಬಂದರಿಗೆ ಹೋದರೆ ಸಾಕು. ಸಮುದ್ರದಲ್ಲಿ ಜೀವಂತ ತಿಮಿಂಗಿಲ ಕಂಡವರು, ಬಲೆಗೆ ಬಿದ್ದದ್ದನ್ನು ಬಿಡಿಸಿದವರು ಇದ್ದರೆ ಅಲ್ಲೇ ಇರಬೇಕು. ಈ ಸಲದ ದೀಪಾವಳಿ ರಜೆಗೆ ಬೇರೆ ಟಿಕೆಟ್ ಬುಕ್ ಮಾಡಿಲ್ಲ.