ಓದಲು ಬರುವ ವಿಳಾಸ, ಉಳಿದು ಬರುವ ವಿಳಾಸ

2010ರ ಹೊತ್ತಿನ, ದುಬೈಯ ಖಲೀಜ್ ಟೈಮ್ಸ್ ಪತ್ರಿಕೆಯ ಸುದ್ದಿಯೊಂದರ ವೆಬ್ ವಿಳಾಸವನ್ನು ಫೋನಿನಲ್ಲಿ ಇನ್ನೊಬ್ಬರಿಗೆ ಓದಿ ಹೇಳಬೇಕಾಗಿದ್ದರೆ ಪಡಿಪಾಟಲೇ. ಪತ್ರಿಕೆಯ ಹೆಸರು ಮುಗಿದ ಮೇಲೆ ‘ಡಿಸ್‌ಪ್ಲೇ ಆರ್ಟಿಕಲ್’ ಎಂಬ ಎಎಸ್‌ಪಿ ಫೈಲು, ಅದರ ಬೆನ್ನಿಗೆ ಪ್ರಶ್ನಾರ್ಥಕ ಚಿಹ್ನೆ, ‘ಎಕ್ಸ್‌ಫೈಲ್’, ಸಮ ಚಿಹ್ನೆ, ಡೇಟಾ ಫೋಲ್ಡರು, ವರ್ಷ, ತಿಂಗಳು, ಒಂದು ಎಕ್ಸ್‌ಎಂಎಲ್ ಫೈಲಿನ ಹೆಸರು, ಆಮೇಲೆ & ಚಿಹ್ನೆ, ಕೊನೆಗೆ ವಿಭಾಗ. ಸರ್ವರ್ ಮೈಕ್ರೋಸಾಫ್ಟಿನದು ಎಂಬುದು ಆ ವಿಳಾಸದ ಎಎಸ್‌ಪಿಯಿಂದ ತಿಳಿಯುತ್ತಿತ್ತು. ಸುದ್ದಿಗಳನ್ನು ತಿಂಗಳಿಗೊಂದು ಫೋಲ್ಡರಿನಲ್ಲಿ ಇಡುತ್ತಾರೆ ಎಂಬುದೂ ತಿಳಿಯುತ್ತಿತ್ತು. ಸುದ್ದಿ ಯಾವುದರ ಬಗ್ಗೆ ಎಂಬುದೊಂದು ತಿಳಿಯುತ್ತಿರಲಿಲ್ಲ. ಆ ಕಾಲದ ವಿಳಾಸಗಳು ಇಂದಿಗೂ ವಿಕಿಪೀಡಿಯದ ಅಡಿಟಿಪ್ಪಣಿಗಳಲ್ಲಿ ಸಿಗುತ್ತವೆ.

ಆ ಪತ್ರಿಕೆಯೊಂದನ್ನೇ ದೂರುವಂತಿಲ್ಲ. ವೆಬ್ಬಿನ ಜನಕ ಟಿಮ್ ಬರ್ನರ್ಸ್-ಲೀ ಮತ್ತು ಸಂಗಡಿಗರು 1994ರ ಡಿಸೆಂಬರಿನಲ್ಲಿ ಆರ್‌ಎಫ್‌ಸಿ 1738 ಎಂಬ ದಾಖಲೆಯಲ್ಲಿ ಯುಆರ್‌ಎಲ್‌ನ ರೂಪವನ್ನು ಗೊತ್ತುಮಾಡಿದಾಗ, ವಿಳಾಸವೆಂದರೆ ಬಹುಮಟ್ಟಿಗೆ ಸರ್ವರಿನ ಡಿಸ್ಕಿನಲ್ಲಿ ಫೈಲು ಇರುವ ದಾರಿ. ಫೋಲ್ಡರಿಗೊಂದು ಓರೆಗೀಟು, ಕೊನೆಯಲ್ಲಿ ಫೈಲಿನ ಹೆಸರು. ಅದು ಓದಲು ಬರುತ್ತಿತ್ತು, ಏಕೆಂದರೆ ಫೈಲಿಗೆ ಹೆಸರಿಟ್ಟವರು ಮನುಷ್ಯರು. ಇದನ್ನು ಕದಡಿದ್ದು ಅದಕ್ಕೂ ಮೊದಲೇ, 1993ರಲ್ಲೇ, ಬಂದಿದ್ದ ಸಿಜಿಐ ಎಂಬ ವ್ಯವಸ್ಥೆ. ಪುಟ ಮೊದಲೇ ಬರೆದಿಟ್ಟ ಫೈಲಾಗಿ ಉಳಿಯಲಿಲ್ಲ. ಕೇಳಿದಾಗ ಪ್ರೋಗ್ರಾಂ ಒಂದು ಡೇಟಾಬೇಸಿನಿಂದ ತೆಗೆದು ಕಟ್ಟಿಕೊಡುವ ಅಡುಗೆಯಾಯಿತು. ಯಾವ ಪುಟ ಬೇಕು ಎಂಬುದನ್ನು ಪ್ರಶ್ನಾರ್ಥಕ ಚಿಹ್ನೆಯ ಬಲಕ್ಕೆ ಬರೆದು ಕಳಿಸುವ ರೂಢಿ ಬಂತು.

ಸಂಯುಕ್ತ ಅರಬ್ ಎಮಿರೇಟ್ಸ್ ವೆಬ್ಬಿಗೆ ಕಾಲಿಟ್ಟದ್ದು ಸರಿಯಾಗಿ ಈ ತಿರುವಿನಲ್ಲಿ. ‘ಡಾಟ್ ಎಇ’ 1992ರ ಡಿಸೆಂಬರಿನಲ್ಲೇ ಮಂಜೂರಾಗಿತ್ತು, ಆದರೆ ದೂರಸಂಪರ್ಕ ಕಂಪನಿ ಎತಿಸಲಾತ್ ಜನರಿಗೆ ಇಂಟರ್ನೆಟ್ ಕೊಟ್ಟದ್ದು 1995ರಲ್ಲಿ. ದುಬೈ ಇಂಟರ್ನೆಟ್ ಸಿಟಿ ತೆರೆದದ್ದು 2000ದಲ್ಲಿ. ದುಬೈ ಇ-ಸರ್ಕಾರದ ಪೋರ್ಟಲ್ 2001ರ ಅಕ್ಟೋಬರಿನಲ್ಲಿ. ಹೀಗಾಗಿ ಕೈಯಲ್ಲಿ ಬರೆದ ಎಚ್‌ಟಿಎಂಎಲ್ ಪುಟಗಳ ಕಾಲ ಈ ನಾಡಿಗೆ ಹೆಚ್ಚು ಸಿಗಲಿಲ್ಲ. ನೇರವಾಗಿ ಎಎಸ್‌ಪಿ, ಜೆಎಸ್‌ಪಿ, ದೊಡ್ಡ ಪೋರ್ಟಲ್ ತಂತ್ರಾಂಶಗಳ ಕಾಲಕ್ಕೆ ಬಂದಿಳಿಯಿತು. ಬಂದದ್ದು ತಡವಲ್ಲ, ಚಿಹ್ನೆಗಳ ಕಾಡು ಹಬ್ಬಿದ ಹೊತ್ತಿನಲ್ಲಿ ಬಂದದ್ದು.

ಅಷ್ಟರಲ್ಲಿ ಮದ್ದು ಸಿದ್ಧವಾಗಿತ್ತು. ಜರ್ಮನಿಯ ರಾಲ್ಫ್ ಎಂಗೆಲ್‌ಶಾಲ್ 1996ರ ಏಪ್ರಿಲಿನಲ್ಲಿ ಬರೆದ ‘ಮಾಡ್ ರೀರೈಟ್’ ಎಂಬ ಮಾಡ್ಯೂಲು 1997ರ ಜುಲೈನಲ್ಲಿ ಅಪಾಚಿ ಸರ್ವರ್ ತಂಡದ ಪಾಲಾಯಿತು. ಅದರ ಕೆಲಸವನ್ನು ಹೀಗೆ ಹೇಳಬಹುದು: ಬ್ರೌಸರ್ ಕೇಳಿದ ವಿಳಾಸ ಸರ್ವರಿನ ಬಾಗಿಲಿಗೆ ಬಂದಾಗ ಆ ಹೆಸರಿನ ಫೈಲು ನಿಜಕ್ಕೂ ಇದೆಯೇ ನೋಡು, ಇದ್ದರೆ ಕೊಡು. ಆ ಹೆಸರಿನ ಫೋಲ್ಡರ್ ಇದೆಯೇ ನೋಡು, ಇದ್ದರೆ ಕೊಡು. ಎರಡೂ ಇಲ್ಲವಾದರೆ ವಿಳಾಸವನ್ನು ಒಳಗೊಳಗೇ ಒಂದೇ ಪ್ರೋಗ್ರಾಮಿಗೆ ತಳ್ಳು. ಓರೆಗೀಟುಗಳ ನಡುವಿನ ತುಂಡುಗಳನ್ನು ಬಿಡಿಸಿ ಯಾವ ದಾಖಲೆ ಬೇಕೆಂದು ಅದೇ ಲೆಕ್ಕ ಹಾಕಲಿ. ಓದುಗನ ಕಣ್ಣಿಗೆ ‘ಸುದ್ದಿ’, ‘ದುಬೈ’, ‘ಮೆಟ್ರೋ ಉದ್ಘಾಟನೆ’ ಎಂಬ ಮೂರು ತುಂಡುಗಳು. ಒಳಗೆ ನಡೆಯುವುದು ಹಳೆಯ ಪ್ರಶ್ನಾರ್ಥಕ ಚಿಹ್ನೆಯ ವ್ಯವಹಾರವೇ. ಇಂದು ವರ್ಡ್‌ಪ್ರೆಸ್ ಹಾಕಿದವರ ಸರ್ವರಿನಲ್ಲಿ ‘ಡಾಟ್ ಎಚ್‌ಟಿ ಆ್ಯಕ್ಸೆಸ್’ ಎಂಬ ಅಡಗಿದ ಫೈಲಿನಲ್ಲಿ ಕುಳಿತಿರುವ ನಾಲ್ಕಾರು ಸಾಲುಗಳು ಇದೇ ಮಾತನ್ನು ಹೇಳುತ್ತವೆ.

ಮೈಕ್ರೋಸಾಫ್ಟಿನ ಸರ್ವರ್ ನೆಚ್ಚಿಕೊಂಡವರಿಗೆ ಈ ಸುಖ ಬೇಗ ಸಿಗಲಿಲ್ಲ. ಅವರು ಹೊರಗಿನ ಫಿಲ್ಟರ್ ತಂತ್ರಾಂಶ ತಂದು ಸರ್ವರಿಗೆ ಜೋಡಿಸಬೇಕಿತ್ತು. ಬಾಡಿಗೆ ಹೋಸ್ಟಿಂಗಿನಲ್ಲಿ ಇದ್ದವರಿಗೆ ಅದಕ್ಕೆ ಅನುಮತಿ ಸಿಗುವುದೂ ಕಷ್ಟ. ಮೈಕ್ರೋಸಾಫ್ಟ್ ತನ್ನದೇ ರೀರೈಟ್ ಮಾಡ್ಯೂಲು ಕೊಟ್ಟದ್ದು ತನ್ನ ಸರ್ವರಿನ ಹೊಸ ಆವೃತ್ತಿ ಐಐಎಸ್ 7 ಬಂದ ಮೇಲೆ, 2008ರಲ್ಲಿ. ಎಎಸ್‌ಪಿ ಬಾಲದ ವಿಳಾಸಗಳು ಅಷ್ಟು ಕಾಲ ಬಾಳಿದ್ದಕ್ಕೆ ಕಾರಣ ಹುಡುಕಲು ಇನ್ನೆಲ್ಲೂ ಹೋಗಬೇಕಿಲ್ಲ.

ತಂತ್ರದ ಜೊತೆ ವಾದವೂ ಬೆಳೆಯಿತು. ಒಳ್ಳೆಯ ವಿಳಾಸ ಬದಲಾಗಬಾರದು ಎಂದು ಬರ್ನರ್ಸ್-ಲೀ 1998ರಲ್ಲಿ ಬರೆದರು. ವಿಳಾಸವೂ ಓದುಗ ಬಳಸುವ ಉಪಕರಣವೇ, ಅದು ಚಿಕ್ಕದಾಗಿ, ಊಹಿಸಲು ಬರುವಂತೆ ಇರಬೇಕು ಎಂದು ಬಳಕೆಯ ಅನುಕೂಲದ ತಜ್ಞ ಜೇಕಬ್ ನೀಲ್ಸನ್ 1999ರಲ್ಲಿ ಬರೆದರು. ಇಬ್ಬರೂ ಒಂದೇ ಪಕ್ಷದವರೆಂದು ಆಗ ಎಲ್ಲರೂ ತಿಳಿದರು. ನನ್ನ ಮಟ್ಟಿಗೆ ಅವು ಎರಡು ಬೇರೆ ಬೇಡಿಕೆಗಳು. ಒಂದನ್ನು ಪೂರೈಸಲು ಹೋದಷ್ಟೂ ಇನ್ನೊಂದು ಕೈತಪ್ಪುತ್ತದೆ. ಇದಕ್ಕೆ ದುಬೈಗಿಂತ ಒಳ್ಳೆಯ ಸಾಕ್ಷಿ ಬೇರೆ ಊರು ಕೊಡಲಾರದು.

2010ರ ಜನವರಿ 4ರ ಸಂಜೆಯವರೆಗೆ ಜಗತ್ತಿನ ಅತಿ ಎತ್ತರದ ಕಟ್ಟಡದ ಹೆಸರು ಬುರ್ಜ್ ದುಬೈ. ಉದ್ಘಾಟನೆಯ ಹೊತ್ತಿನಲ್ಲೇ ಅದು ಬುರ್ಜ್ ಖಲೀಫಾ ಆಯಿತು. ವರ್ಷಗಟ್ಟಲೆ ‘ಬುರ್ಜ್ ದುಬೈ’ ಎಂದು ವಿಳಾಸದಲ್ಲಿ ಬರೆದಿಟ್ಟ ಸುದ್ದಿಪುಟ, ಹೋಟೆಲ್ ಪುಟ, ಫ್ಲ್ಯಾಟ್ ಜಾಹೀರಾತುಗಳೆಲ್ಲ ಒಂದು ರಾತ್ರಿಯಲ್ಲಿ ಹಳೆಯ ಹೆಸರಿನವಾದವು. ಬರೀ ಸಂಖ್ಯೆಯ ವಿಳಾಸ ಇಟ್ಟುಕೊಂಡವರಿಗೆ ಏನೂ ಆಗಲಿಲ್ಲ.

ಮೆಟ್ರೋ ನಿಲ್ದಾಣಗಳದ್ದು ಇನ್ನೂ ಚೆಂದ. 2009ರ ಸೆಪ್ಟೆಂಬರ್ 9ರಂದು ಶುರುವಾದ ದುಬೈ ಮೆಟ್ರೋದಲ್ಲಿ ನಿಲ್ದಾಣದ ಹೆಸರನ್ನು ಕಂಪನಿಗಳಿಗೆ ಹರಾಜಿನ ಮಾಲಿನಂತೆ ಕೊಡುತ್ತಾರೆ. ಕನ್ನಡಿಗರು, ಮಲಯಾಳಿಗಳು ತುಂಬಿದ ಕರಾಮಾದ ನಿಲ್ದಾಣ ಬ್ಯಾಂಕೊಂದರ ಹೆಸರಿನಲ್ಲಿ ‘ಎಡಿಸಿಬಿ’ ಆಗಿದೆ. ಅಲ್ ಜಾಫಿಲಿಯಾ ‘ಮ್ಯಾಕ್ಸ್’ ಆಗಿದೆ. ಖಾಲಿದ್ ಬಿನ್ ಅಲ್ ವಲೀದ್ ‘ಬುರ್‌ಜುಮಾನ್’ ಆಗಿದೆ. ನಿಲ್ದಾಣದ ಹೆಸರನ್ನೇ ವಿಳಾಸದಲ್ಲಿ ಇಟ್ಟು ಪುಟ ಕಟ್ಟಿದವನು ಪ್ರತಿ ಕರಾರು ಮುಗಿದಾಗಲೂ ವಿಳಾಸ ಬದಲಿಸಬೇಕು, ಹಳೆಯದರಿಂದ ಹೊಸದಕ್ಕೆ ‘301’ ಎಂಬ ಶಾಶ್ವತ ರಿಡೈರೆಕ್ಟ್ ಹಾಕಬೇಕು. ಆಮೇಲೆ ಮತ್ತೊಂದು ಕರಾರು ಬಂದರೆ ರಿಡೈರೆಕ್ಟಿಗೆ ರಿಡೈರೆಕ್ಟು. ಸರಪಳಿ ಉದ್ದವಾದಷ್ಟೂ ಪುಟ ತೆರೆಯುವುದು ನಿಧಾನ. ನಡುವಿನ ಒಂದು ಕೊಂಡಿ ಕಳಚಿದರೆ ಹಿಂದಿನವೆಲ್ಲ ಸತ್ತಂತೆ.

ಬೀದಿಯ ಮೇಲಿನ ವಿಳಾಸದಲ್ಲೂ ಇಲ್ಲಿ ಇದೇ ಎರಡು ದಾರಿ ಕಾಣುತ್ತವೆ. 2010ರ ದಶಕದಲ್ಲಿ ದುಬೈ ಪಾಲಿಕೆ ‘ಮಕಾನಿ’ ತಂದಿತು: ಪ್ರತಿ ಕಟ್ಟಡದ ಬಾಗಿಲಿಗೆ ಹತ್ತು ಅಂಕಿಯ ಸಂಖ್ಯೆ. ಅಬುಧಾಬಿ ಅದೇ ದಶಕದಲ್ಲಿ ‘ಒನ್ವಾನಿ’ ತಂದಿತು: ರಸ್ತೆಗೆ ಹೆಸರು, ಕಟ್ಟಡಕ್ಕೆ ನಂಬರು, ಫಲಕದ ಮೇಲೆ ಕ್ಯೂಆರ್ ಕೋಡ್. ಅದಕ್ಕೂ ಮುಂಚೆ ಅಂಚೆಯೆಂದರೆ ಪಿಒ ಬಾಕ್ಸು, ಟ್ಯಾಕ್ಸಿಗೆ ಹೇಳುವುದೆಂದರೆ ಇಂಥ ಸೂಪರ್‌ಮಾರ್ಕೆಟಿನ ಹಿಂದೆ, ಇಂಥ ಮಸೀದಿಯ ಎದುರು. ಅಬುಧಾಬಿಯ ಒಂದು ರಸ್ತೆಗೆ ಹಳಬರು ಈಗಲೂ ಹೇಳುವುದು ‘ಎಲೆಕ್ಟ್ರಾ’ ಎಂದೇ. ಫಲಕದ ಮೇಲೆ ಇರುವುದು ಬೇರೆ. ಹತ್ತು ಅಂಕಿಯನ್ನು ಯಾರೂ ನೆನಪಿಡುವುದಿಲ್ಲ, ಆದರೆ ಅದನ್ನು ಬದಲಿಸುವ ಗೋಜಿಗೂ ಯಾರೂ ಹೋಗುವುದಿಲ್ಲ.

ಗಲ್ಫಿನ ಕರಾವಳಿ ಕನ್ನಡಿಗರಿಗೆ ಇದರ ವೆಬ್ ಉದಾಹರಣೆ ಮನೆಯಲ್ಲೇ ಇದೆ. ದುಬೈ, ಶಾರ್ಜಾಗಳಲ್ಲಿ ಕುಳಿತು ಊರಿನ ಸುದ್ದಿ ನೋಡುವವರು ತೆರೆಯುವ ದಾಯ್ಜಿವರ್ಲ್ಡ್ ತಾಣದ ಹಳೆಯ ವಿಳಾಸಗಳು ‘ನ್ಯೂಸ್ ಡಿಸ್ಪ್’ ಎಂಬ ಎಎಸ್‌ಪಿ ಫೈಲು, ಪ್ರಶ್ನಾರ್ಥಕ ಚಿಹ್ನೆ, ಒಂದು ನಂಬರು ಎಂಬ ರೂಪದವು. ನಂತರ ಫೈಲಿನ ಹೆಸರು ‘ನ್ಯೂಸ್ ಡಿಸ್‌ಪ್ಲೇ’ ಆಯಿತು, ಬಾಲ ಎಎಸ್‌ಪಿಎಕ್ಸ್ ಆಯಿತು, ಆಮೇಲೆ ಆ ಬಾಲವೂ ಉದುರಿತು. ‘ನ್ಯೂಸ್ ಐಡಿ’ ಸಮ ಇಷ್ಟು ಎಂಬ ನಂಬರು ಮಾತ್ರ ಉಳಿಯಿತು. ಹುಡುಕಾಟದ ತಜ್ಞರು ಇದನ್ನು ನೋಡಿ ಮೂಗು ಮುರಿಯುತ್ತಾರೆ. ಆದರೆ ಓದುಗರು ಆ ಕಾರಣಕ್ಕೆ ಬಿಟ್ಟು ಹೋದದ್ದಿಲ್ಲ. ಗೂಗಲ್ ಕೂಡ 2008ರಲ್ಲಿ ಹೇಳಿದ್ದು ಇದನ್ನೇ: ಪ್ರಶ್ನಾರ್ಥಕ ಚಿಹ್ನೆಯ ವಿಳಾಸವನ್ನು ನಾವು ಓದಿಕೊಳ್ಳುತ್ತೇವೆ, ತಪ್ಪುತಪ್ಪಾಗಿ ತಿದ್ದಿ ಬರೆದು ಕೆಡಿಸಬೇಡಿ. ಅಷ್ಟರಲ್ಲಾಗಲೇ ವರ್ಡ್‌ಪ್ರೆಸ್ (2003), ರೂಬಿ ಆನ್ ರೇಲ್ಸ್ (2004), ಜಾಂಗೊ (2005) ಬಂದು ಶೀರ್ಷಿಕೆಯಿಂದ ವಿಳಾಸ ಹುಟ್ಟಿಸುವುದನ್ನು ದಿನಚರಿ ಮಾಡಿದ್ದವು. ಆ ಶೀರ್ಷಿಕೆಯ ತುಂಡಿಗೆ ಪತ್ರಿಕಾ ಕಚೇರಿಯ ಮಾತಿನಲ್ಲೇ ‘ಸ್ಲಗ್’ ಎನ್ನುತ್ತಾರೆ. ಜಾಂಗೊ ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್ಸಿನ ಒಂದು ಪತ್ರಿಕಾ ಕಚೇರಿಯಲ್ಲಿ ಎಂಬುದು ಆಕಸ್ಮಿಕವಲ್ಲ.

ಕೊನೆಗೆ ಗೆದ್ದದ್ದು ರಾಜಿ: ನಂಬರೂ ಇರಲಿ, ಹೆಸರೂ ಇರಲಿ. ದುಬೈಯಲ್ಲಿ 2005ರಲ್ಲಿ ಶುರುವಾದ ಸೌಖ್ ಡಾಟ್ ಕಾಮ್‌ನ ವಿಳಾಸದಲ್ಲಿ ಸಾಮಾನಿನ ಹೆಸರು, ಅದರ ತುದಿಗೊಂದು ಸಂಖ್ಯೆ ಇರುತ್ತಿತ್ತು. ಸರ್ವರಿಗೆ ಬೇಕಾದದ್ದು ಸಂಖ್ಯೆ, ಹೆಸರು ನಮಗೆ. 2017ರಲ್ಲಿ ಅಮೆಜಾನ್ ಆ ಕಂಪನಿಯನ್ನು ಕೊಂಡಿತು, 2019ರ ಮೇ 1ರಂದು ಎಮಿರೇಟ್ಸಿನ ಸೌಖ್ ‘ಅಮೆಜಾನ್ ಡಾಟ್ ಎಇ’ ಆಯಿತು. ಅಮೆಜಾನಿನದ್ದೂ ಇದೇ ಜಾಣತನ: ‘ಡಿಪಿ’ ಎಂಬ ಎರಡಕ್ಷರದ ನಂತರದ ಹತ್ತು ಅಂಕಿ-ಅಕ್ಷರಗಳೇ ಜೀವ, ಅದಕ್ಕೆ ಮುಂಚಿನ ಉದ್ದ ಹೆಸರನ್ನು ಅಳಿಸಿದರೂ ಪುಟ ತೆರೆಯುತ್ತದೆ. ಇದರಲ್ಲಿ ಒಂದು ತುಂಟತನಕ್ಕೂ ಜಾಗವಿದೆ. ಹೆಸರಿನ ಜಾಗದಲ್ಲಿ ಯಾರು ಏನು ಬರೆದರೂ ಪುಟ ಬರುವುದಾದರೆ ಒಂದೇ ಪುಟಕ್ಕೆ ಲೆಕ್ಕವಿಲ್ಲದಷ್ಟು ವಿಳಾಸ. ಅದಕ್ಕೆ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂವರೂ ಸೇರಿ 2009ರ ಫೆಬ್ರವರಿಯಲ್ಲಿ ‘ಕೆನಾನಿಕಲ್’ ಗುರುತು ತಂದರು. ಪುಟ ತನ್ನ ಅಸಲು ವಿಳಾಸ ಇದು ಎಂದು ತಾನೇ ಹೇಳಿಕೊಳ್ಳುವ ವ್ಯವಸ್ಥೆ ಅದು.

ನಡುವೆ ಒಂದು ಅಡ್ಡದಾರಿ. 2009ರಿಂದ ಕೆಲವು ವರ್ಷ ಜಾವಾಸ್ಕ್ರಿಪ್ಟಿನ ಹುಚ್ಚಿನಲ್ಲಿ # ಮತ್ತು ಆಶ್ಚರ್ಯಸೂಚಕ ಚಿಹ್ನೆ ಸೇರಿಸಿದ ವಿಳಾಸಗಳು ಮೆರೆದವು. ಟ್ವಿಟರ್ ಕೂಡ ಹಾಗೆ ಮಾಡಿ 2012ರಲ್ಲಿ ಬಿಟ್ಟಿತು. ಎಚ್‌ಟಿಎಂಎಲ್5ರ ಹಿಸ್ಟರಿ ಎಪಿಐ ಬಂದ ಮೇಲೆ ಅದಕ್ಕೆ ಕೆಲಸವೇ ಉಳಿಯಲಿಲ್ಲ. 2015ರಲ್ಲಿ ಗೂಗಲ್ ತನ್ನ ಬೆಂಬಲವನ್ನು ಹಿಂದಕ್ಕೆ ತೆಗೆಯಿತು.

ಇಷ್ಟೆಲ್ಲ ಹೇಳುವಾಗ ಓದಲು ಬರುವ ವಿಳಾಸ ಎಂದೆವು. ಯಾರಿಗೆ ಓದಲು? ದುಬೈ, ಅಬುಧಾಬಿಗಳಲ್ಲಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಅಲ್ಲಿ ಪ್ರತಿ ಫಲಕವೂ ಅರಬ್ಬಿ ಮತ್ತು ಇಂಗ್ಲಿಷಿನಲ್ಲಿ. ಕೆಳಗೆ ನಿಂತು ಓದುವವನು ಕನ್ನಡಿಗನೋ ತಮಿಳನೋ ಬಂಗಾಳಿಯೋ ಆಗಿರಬಹುದು. 2010ರ ಮೇ 5ರಂದು ಇಂಟರ್ನೆಟ್ಟಿನ ಬೇರಿನಲ್ಲೇ ಇಂಗ್ಲಿಷ್ ಅಲ್ಲದ ಲಿಪಿಯ ದೇಶದ ಹೆಸರುಗಳು ಮೊದಲ ಬಾರಿಗೆ ಕೂತವು. ಈಜಿಪ್ಟ್, ಸೌದಿ ಅರೇಬಿಯಾ, ಎಮಿರೇಟ್ಸ್ ಈ ಮೂರು ದೇಶಗಳ ಅರಬ್ಬಿ ಹೆಸರುಗಳವು. ‘ಡಾಟ್ ಇಮಾರಾತ್’ ಎಂದು ಅರಬ್ಬಿಯಲ್ಲೇ ಬರೆಯಬಹುದಾಯಿತು. ಒಳಗೆ ಮಾತ್ರ ಅದು ‘ಎಕ್ಸ್‌ಎನ್’ ಎಂದು ಶುರುವಾಗುವ ಪ್ಯೂನಿಕೋಡ್ ಎಂಬ ಇಂಗ್ಲಿಷ್ ಅಕ್ಷರಗಳ ಗಂಟೇ. ನಮ್ಮ ‘ಡಾಟ್ ಭಾರತ’ಕ್ಕೆ ಕನ್ನಡ ಲಿಪಿಯ ರೂಪ ಬಂದದ್ದೂ ಇದೇ ದಾರಿಯಲ್ಲಿ.

ಆದರೆ ಅದು ಡೊಮೈನಿನ ಮಾತಾಯಿತು. ಓರೆಗೀಟಿನ ನಂತರದ ಭಾಗದ ಕಥೆ ಬೇರೆ. ಅಲ್ಲಿ ಇಂಗ್ಲಿಷ್ ಅಲ್ಲದ ಅಕ್ಷರವನ್ನು ಯುಟಿಎಫ್-8ರ ಬೈಟುಗಳಾಗಿ ಒಡೆದು, ಒಂದೊಂದು ಬೈಟಿಗೂ % ಹಚ್ಚಿ ಎರಡೆರಡು ಗುರುತು ಬರೆಯಬೇಕು. ಅರಬ್ಬಿ ಅಕ್ಷರಕ್ಕೆ ಎರಡು ಬೈಟು, ಅಂದರೆ ಆರು ಗುರುತು. ಕನ್ನಡದ ಪ್ರತಿ ಮೂಲಾಕ್ಷರ, ಪ್ರತಿ ಕಾಗುಣಿತದ ಚಿಹ್ನೆ, ಪ್ರತಿ ಹಲಂತಕ್ಕೂ ಮೂರು ಬೈಟು, ಒಂಬತ್ತು ಗುರುತು. ಅರಬ್ಬಿಯಲ್ಲಿ ದುಬೈ 18 ಗುರುತಿನಲ್ಲಿ ಮುಗಿದರೆ ಕನ್ನಡದ ದುಬೈಗೆ 36 ಬೇಕು. ರಾಜ್ಯೋತ್ಸವ ಎಂಬ ಒಂದು ಪದಕ್ಕೆ 90. ಬ್ರೌಸರಿನ ಪಟ್ಟಿಯಲ್ಲಿ ಚೆಂದವಾಗಿ ಕನ್ನಡದಲ್ಲೇ ಕಾಣುವ ವಿಳಾಸವನ್ನು ನಕಲು ಮಾಡಿ ವಾಟ್ಸಾಪಿಗೆ ಅಂಟಿಸಿದರೆ ಅದು ಶೇಕಡಾ ಚಿಹ್ನೆಗಳ ಪಾಗಾರವಾಗುವುದು ಇದರಿಂದ.

ಅರಬ್ಬಿಗೆ ಉದ್ದದ ಕಷ್ಟ ಕಡಿಮೆ, ದಿಕ್ಕಿನ ಕಷ್ಟ ಹೆಚ್ಚು. ವಿಳಾಸ ಎಡದಿಂದ ಬಲಕ್ಕೆ, ಅರಬ್ಬಿ ಬಲದಿಂದ ಎಡಕ್ಕೆ. ಪಕ್ಕಪಕ್ಕದ ಎರಡು ಅರಬ್ಬಿ ತುಂಡುಗಳು ಒಂದು ಓರೆಗೀಟಿನಿಂದ ಬೇರ್ಪಟ್ಟಿದ್ದರೆ ಪರದೆಯ ಮೇಲೆ ಮೊದಲನೆಯದು ಬಲಕ್ಕೂ ಎರಡನೆಯದು ಎಡಕ್ಕೂ ಕಾಣುತ್ತದೆ. ನೋಡಿ ಟೈಪ್ ಮಾಡುವವನು ಯಾವುದನ್ನು ಮೊದಲು ಹೊಡೆಯಬೇಕು? ಒಂದೇ ಪದದ ಅಲಿಫ್ ಮೇಲೆ ಹಮ್ಜಾ ಇಟ್ಟೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ. 2010ರ ಫೆಬ್ರವರಿಯ ಆರ್‌ಎಫ್‌ಸಿ 5564, ಡೊಮೈನ್ ಹೆಸರುಗಳಲ್ಲಿ ಅರಬ್ಬಿಯ ಸ್ವರಚಿಹ್ನೆಗಳನ್ನೂ ಅಕ್ಷರ ಎಳೆದು ಉದ್ದ ಮಾಡುವ ಗೆರೆಯನ್ನೂ ಬಿಡಿ ಎಂದು ಸಲಹೆ ಕೊಟ್ಟದ್ದು ಇಂಥ ಗೊಂದಲ ತಪ್ಪಿಸಲೆಂದೇ.

ಕನ್ನಡದ ಗೊಂದಲ ಕಣ್ಣಿಗೇ ಕಾಣದ್ದು. ‘ರಾಜ್‌ಕುಮಾರ್’ ಎಂದು ಜ ಮತ್ತು ಕ ಬೆಸೆಯದಂತೆ ಬರೆಯಬೇಕಾದರೆ ನಡುವೆ ಅಗಲವೇ ಇಲ್ಲದ ಒಂದು ಅಡ್ಡಗುರುತು ಕೂತಿರಬೇಕು. ಅದಕ್ಕೂ ಒಂಬತ್ತು ಗುರುತಿನ ಜಾಗ. ಯಾವುದೋ ಸ್ಲಗ್ ತಯಾರಿಸುವ ಪ್ರೋಗ್ರಾಂ ಅದನ್ನು ಕಸವೆಂದು ಗುಡಿಸಿದರೆ ಒತ್ತಕ್ಷರ ಬಂದು ಹೆಸರೇ ಕೆಡುತ್ತದೆ. ಪದದ ಕೊನೆಯಲ್ಲಿ ಅದೇ ಗುರುತು ನುಸುಳಿದರೆ ಎರಡು ವಿಳಾಸಗಳು ಕಣ್ಣಿಗೆ ಒಂದೇ ಥರ, ಸರ್ವರಿಗೆ ಬೇರೆ ಬೇರೆ. ಶೀರ್ಷಿಕೆಯನ್ನು ಕನ್ನಡದಲ್ಲೇ ವಿಳಾಸ ಮಾಡಿಕೊಂಡು ಬಂದ ಕನ್ನಡ ವಿಕಿಪೀಡಿಯ ಇದನ್ನು ಪುನರ್ನಿರ್ದೇಶನದ ಪುಟಗಳಿಂದ ನಿಭಾಯಿಸುತ್ತದೆ. ಪ್ರಜಾವಾಣಿಯಂಥ ಪತ್ರಿಕೆಯ ತಾಣ ಇಂಗ್ಲಿಷ್ ಅಕ್ಷರದ ಸ್ಲಗ್ಗು, ತುದಿಗೊಂದು ಸಂಖ್ಯೆ ಎಂಬ ದಾರಿ ಹಿಡಿದಿದೆ.

ಎಮಿರೇಟ್ಸ್ ಸರ್ಕಾರವೂ ಬಹುಮಟ್ಟಿಗೆ ಇದೇ ದಾರಿಯಲ್ಲಿದೆ. ಒಕ್ಕೂಟ ಸರ್ಕಾರದ ಪೋರ್ಟಲಿಗೆ ಈಗ ‘ಯು ಡಾಟ್ ಎಇ’ ಎಂಬ ಒಂದೇ ಅಕ್ಷರದ ಡೊಮೈನು. ಜಗತ್ತಿನ ಸರ್ಕಾರಿ ವಿಳಾಸಗಳಲ್ಲಿ ಇಷ್ಟು ಚಿಕ್ಕದು ಅಪರೂಪ. ಓರೆಗೀಟಿನ ನಂತರ ಇಂಗ್ಲಿಷಿಗೆ ‘ಇಎನ್’, ಅರಬ್ಬಿಗೆ ‘ಎಆರ್-ಎಇ’ ಎಂಬ ಭಾಷಾಗುರುತು. ಆಮೇಲಿನ ದಾರಿ ಅರಬ್ಬಿ ಪುಟದಲ್ಲೂ ಇಂಗ್ಲಿಷೇ. ಪುಟ ಬಲದಿಂದ ಎಡಕ್ಕೆ ಅರಬ್ಬಿಯಲ್ಲಿ ಹರಿಯುತ್ತದೆ, ಅದರ ವಿಳಾಸ ‘ಇನ್ಫರ್ಮೇಶನ್ ಅಂಡ್ ಸರ್ವಿಸಸ್’ ಎಂದು ಹೇಳುತ್ತದೆ. ಇಂಗ್ಲಿಷಿನದೂ ಅರಬ್ಬಿಯದೂ ಒಂದೇ ಪುಟದ ಎರಡು ಭಾಷೆಯ ರೂಪ ಎಂದು ಹುಡುಕಾಟಕ್ಕೆ ತಿಳಿಸಲು ಗೂಗಲ್ 2011ರಲ್ಲಿ ತಂದ ‘ಎಚ್‌ಆರ್‌ಇಎಫ್‌ಲ್ಯಾಂಗ್’ ಗುರುತಿದೆ. ಅಬುಧಾಬಿ ತನ್ನ ‘ತಮ್’ ಸೇವೆಗೆ ಊರಿನ ಹೆಸರನ್ನೇ ಡೊಮೈನಿನ ಬಾಲವಾಗಿಸಿ ‘ತಮ್ ಡಾಟ್ ಅಬುಧಾಬಿ’ ಎಂದಿಟ್ಟುಕೊಂಡಿದೆ. ವಿಳಾಸವನ್ನು ಹೀಗೆ ಇಂಗ್ಲಿಷಿನಲ್ಲೇ ಇಟ್ಟದ್ದರಲ್ಲಿ ಸೋಲು ಕಾಣುವವರಿದ್ದಾರೆ. ನನಗೆ ಕಾಣುವುದು ವ್ಯವಹಾರಜ್ಞಾನ: ವಿಳಾಸವನ್ನು ಎಲ್ಲರೂ ಟೈಪ್ ಮಾಡುವಂತಿಡು, ಭಾಷೆಯನ್ನು ಪುಟದ ಒಳಗೆ ಪೂರ್ತಿ ಕೊಡು. ಸರ್ಕಾರಕ್ಕೆ ಇದು ಸರಿ. ಸಾಹಿತ್ಯದ ತಾಣಕ್ಕೆ, ನಿಘಂಟಿಗೆ, ವಿಶ್ವಕೋಶಕ್ಕೆ ಸರಿಯಲ್ಲ. ಅಲ್ಲಿ ಪದವೇ ವಿಳಾಸವಾಗಬೇಕು, 90 ಗುರುತಾದರೂ ಸರಿ.

ಗಲ್ಫಿನ ಕನ್ನಡ ಸಂಘಗಳ ತಾಣಗಳಿಗೆ ಈ ಚರ್ಚೆಯಿಂದ ಸಿಗುವ ಕೆಲಸ ಸಣ್ಣದು. ವರ್ಷ ವರ್ಷ ರಾಜ್ಯೋತ್ಸವಕ್ಕೆ ಹೊಸ ಪುಟ ತೆರೆಯುವವರು ವರ್ಷವನ್ನು ವಿಳಾಸದಲ್ಲೇ ಇಡುವುದು ಒಳ್ಳೆಯದು. ಬರೀ ‘ರಾಜ್ಯೋತ್ಸವ’ ಎಂದಿಟ್ಟರೆ ಎರಡನೆಯ ವರ್ಷ ವರ್ಡ್‌ಪ್ರೆಸ್ ತಾನಾಗಿ ತುದಿಗೆ 2 ಅಂಟಿಸುತ್ತದೆ, ಮೂರನೆಯ ವರ್ಷ 3. ಹೋಸ್ಟಿಂಗ್ ವಿಂಡೋಸಿನಿಂದ ಲಿನಕ್ಸಿಗೆ ಬದಲಾದರೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆಯಾಗುತ್ತವೆ, ಹಾಗಾಗಿ ಎಲ್ಲವನ್ನೂ ಸಣ್ಣಕ್ಷರದಲ್ಲೇ ಇಡುವುದು ಲೇಸು. ಕಾರ್ಯಕಾರಿ ಸಮಿತಿ ಬದಲಾದಾಗ ಡೊಮೈನಿನ ನವೀಕರಣ ಯಾರ ಇಮೇಲಿಗೆ ಬರುತ್ತದೆ ಎಂಬುದನ್ನು ಹಸ್ತಾಂತರದ ಪಟ್ಟಿಯಲ್ಲಿ ಬರೆಯುವುದು ಎಲ್ಲ ರೀರೈಟ್ ನಿಯಮಗಳಿಗಿಂತ ಮುಖ್ಯ. ಆದರೆ ಸಂಘದ ಸುದ್ದಿ ಈಚೆಗೆ ಬರುವುದು ಹೆಚ್ಚಾಗಿ ಫೇಸ್‌ಬುಕ್ಕಿನಲ್ಲಿ, ಅದರ ಪೋಸ್ಟಿನ ವಿಳಾಸಕ್ಕೆ 2022ರಿಂದ ‘ಪಿಎಫ್‌ಬಿಐಡಿ’ ಎಂದು ಶುರುವಾಗುವ ಮಾರುದ್ದದ ಅಕ್ಷರಗಳ ಸಾಲು. ಇಲ್ಲವೇ ವಾಟ್ಸಾಪಿನಲ್ಲಿ ಚಿತ್ರವಾಗಿ, ಅದಕ್ಕೆ ವಿಳಾಸವೇ ಇರುವುದಿಲ್ಲ.