ಗರಡಿಯಿಂದ ವೃದ್ಧಾಶ್ರಮದವರೆಗೆ

ಗ್ರೀಸಿನ ಒಲಿಂಪಿಯಾದಲ್ಲಿ ಸಿಕ್ಕ ಮರಳುಗಲ್ಲಿನ ಗುಂಡೊಂದು 143.5 ಕಿಲೋ ತೂಗುತ್ತದೆ. ಬೈಬಾನ್ ಎಂಬವನು ಅದನ್ನು ಒಂದೇ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿದನೆಂದು ಆ ಕಲ್ಲಿನ ಮೇಲೆಯೇ ಕೆತ್ತಿದ್ದಾರೆ. ಕ್ರಿಸ್ತಪೂರ್ವ 6ನೇ ಶತಮಾನದ ಬರಹ. ನಂಬುವುದು ಕಷ್ಟ, ಶಾಸನ ಕೆತ್ತಿಸುವವರು ಎಲ್ಲ ಕಾಲದಲ್ಲೂ ಸ್ವಲ್ಪ ಧಾರಾಳಿಗಳೇ. ಅದೇ ಶತಮಾನದ ಕುಸ್ತಿಪಟು ಮೈಲೋ ದಿನವೂ ಒಂದು ಕರುವನ್ನು ಹೊತ್ತು, ಅದು ಹೋರಿಯಾಗುವ ಹೊತ್ತಿಗೆ ಹೋರಿಯನ್ನೇ ಹೊರುವಷ್ಟು ಬಲಿತ ಎಂಬ ಕಥೆಯೂ ಇದೆ. ಕರು ಯಾರ ಸ್ನಾಯುವಿಗೂ ಕಾಯದೆ ತನ್ನ ಪಾಡಿಗೆ ಬೆಳೆಯುತ್ತದೆ ಎಂಬುದನ್ನು ಕಥೆ ಕಟ್ಟಿದವರು ಮರೆತರು. ಆದರೂ ಭಾರವನ್ನು ಇಷ್ಟಿಷ್ಟೇ ಏರಿಸಬೇಕೆಂಬ ಅದರ ತಿರುಳು ಇಂದಿಗೂ ಬಲವರ್ಧನೆಯ ವ್ಯಾಯಾಮಕ್ಕೆ ಬುನಾದಿ.

ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಇದಕ್ಕಿಂತ ಶಿಸ್ತಾದ ವಿವರ ಸಿಗುತ್ತದೆ. ಜಟ್ಟಿಗಳ ವರ್ಗೀಕರಣ, ಅವರ ಆಹಾರ, ತಾಲೀಮು ಎಲ್ಲವೂ ಅಲ್ಲಿದೆ. ಭಾರ ಎತ್ತುವುದು ಭಾರಶ್ರಮ, ಮುಂಜಾನೆಯ ನಡಿಗೆ ಭ್ರಮಣಶ್ರಮ, ನೀರಿನಲ್ಲಿ ಮಾಡುವುದು ಸಲಿಲಶ್ರಮ, ಕಂಬದ ಮೇಲಿನದು ಸ್ತಂಭಶ್ರಮ. ಮೈಸೂರಿನ ಗರಡಿಮನೆಗಳ ಮಟ್ಟಿ, ಗದೆ, ದಂಡ, ಬಸ್ಕಿ ಎಲ್ಲವೂ ಇಂಥ ಪರಂಪರೆಯವೇ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ಇನ್ನೂ ನಡೆಯುತ್ತದೆ. ನಮ್ಮ ಗದೆಯನ್ನು ನೋಡಿದ ಬ್ರಿಟಿಷ್ ಸೈನ್ಯದವರು ಅದರ ಮರದ ತಮ್ಮನನ್ನು ‘ಇಂಡಿಯನ್ ಕ್ಲಬ್’ ಎಂಬ ಹೆಸರಿನಲ್ಲಿ ಕೊಂಡೊಯ್ದರು. 1904ರ ಒಲಿಂಪಿಕ್ಸ್‌ನಲ್ಲಿ ಅದನ್ನು ತಿರುಗಿಸುವ ಸ್ಪರ್ಧೆಯೇ ನಡೆಯಿತು. ಆದರೆ ಎಲ್ಲೆಡೆಯೂ ಭಾರ ಎತ್ತುತ್ತಿದ್ದವರು ಯಾರೆಂದು ನೋಡಿದರೆ ಉತ್ತರ ಒಂದೇ: ಆಗಲೇ ಬಲವಿದ್ದ ಗಂಡಸರು.

19ನೇ ಶತಮಾನದ ಕೊನೆಗೆ ಯೂಜೆನ್ ಸ್ಯಾಂಡೋ ಬಂದ ಮೇಲೆ ಬಲವು ನೋಟದ ಸರಕಾಯಿತು. 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಆತ ನಡೆಸಿದ ದೇಹದಾರ್ಢ್ಯ ಸ್ಪರ್ಧೆಗೆ ಷರ್ಲಾಕ್ ಹೋಮ್ಸ್‌ನ ಕರ್ತೃ ಕಾನನ್ ಡಾಯಲ್ ಕೂಡ ತೀರ್ಪುಗಾರ. ಮುಂದೆ ಸ್ಯಾಂಡೋ ಭಾರತ ಪ್ರವಾಸವನ್ನೂ ಮಾಡಿದ. ಆ ಅಲೆಯನ್ನು ಕನ್ನಡ ನಾಡಿನಲ್ಲಿ ತನ್ನದೇ ರೀತಿಯಲ್ಲಿ ಬಳಸಿಕೊಂಡವರು ಕೆ.ವಿ. ಅಯ್ಯರ್. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಲೇಖಕರೆಂದೇ ಹೆಚ್ಚಿನ ಓದುಗರು ಅವರನ್ನು ಬಲ್ಲರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿ ಬಾರ್‌ಬೆಲ್, ಹಠಯೋಗ, ಸೂರ್ಯನಮಸ್ಕಾರ ಮೂರನ್ನೂ ಒಂದೇ ಪಾಠದಲ್ಲಿ ಬೆಸೆದ ಗುರು ಕೂಡ ಅವರೇ. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬರೆದರು. ಅಂಚೆಯ ಮೂಲಕವೂ ಪಾಠ ಹೇಳಿದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ಇದ್ದ ಕಾಲಕ್ಕೆ ಅಲ್ಲೇ ಅಯ್ಯರ್ ಅವರ ಶಿಷ್ಯರೊಬ್ಬರು ವ್ಯಾಯಾಮಶಾಲೆ ನಡೆಸುತ್ತಿದ್ದರು. ಯೋಗ ಬೇರೆ, ಜಿಮ್ ಬೇರೆ ಎಂದು ಇಂದು ಬಣ ಕಟ್ಟಿಕೊಳ್ಳುವವರಿಗೆ ಈ ನೆರೆಹೊರೆ ಸೋಜಿಗವಾಗಬಹುದು.

ವೈದ್ಯರು ಮಾತ್ರ ದೂರವೇ ಉಳಿದರು. ಭಾರ ಎತ್ತಿದರೆ ಮೈ ಮರಗಟ್ಟುತ್ತದೆ, ಚುರುಕು ಹೋಗುತ್ತದೆ, ಹೃದಯ ಹಿಗ್ಗುತ್ತದೆ ಎಂಬ ಭಯ. ಅದನ್ನು ಮುರಿದದ್ದು ಯುದ್ಧ. 1940ರ ದಶಕದ ನಡುವೆ ಷಿಕಾಗೋದ ಗಾರ್ಡಿನರ್ ಸೇನಾ ಆಸ್ಪತ್ರೆಯ ತುಂಬ ಮೊಣಕಾಲು ಕೆಟ್ಟ ಸೈನಿಕರು. ಹಗುರ ವ್ಯಾಯಾಮವನ್ನು ತಿಂಗಳುಗಟ್ಟಲೆ ಮಾಡಿಸಿದರೂ ತೊಡೆಗೆ ಬಲ ಬರುತ್ತಿರಲಿಲ್ಲ. ಅಲ್ಲಿದ್ದ ಯುವ ವೈದ್ಯ ಥಾಮಸ್ ಡೆಲಾರ್ಮ್ ಹುಡುಗನಾಗಿದ್ದಾಗ ರುಮ್ಯಾಟಿಕ್ ಜ್ವರದಿಂದ ಹಾಸಿಗೆ ಹಿಡಿದು, ಭಾರ ಎತ್ತಿಯೇ ಚೇತರಿಸಿಕೊಂಡಿದ್ದವನು. ರೋಗಿಗಳ ಕಾಲಿಗೆ ಕಬ್ಬಿಣದ ಪಾದುಕೆ ಕಟ್ಟಿ, ಹತ್ತು ಸಲವಷ್ಟೇ ಎತ್ತಲಾಗುವ ಭಾರವನ್ನು ಗುರುತಿಸಿ, ವಾರವಾರ ಅದನ್ನು ಏರಿಸಿದ. ಫಲಿತಾಂಶವನ್ನು 1945ರಲ್ಲಿ ಪ್ರಕಟಿಸಿದ. ಮೂರು ವರ್ಷದ ನಂತರ ಸಹೋದ್ಯೋಗಿ ವಾಟ್ಕಿನ್ಸ್ ಜೊತೆ ಸೇರಿ ಕ್ರಮವನ್ನು ಸರಳಗೊಳಿಸಿದ: ಹತ್ತರಂತೆ ಮೂರು ಸೆಟ್, ಮೊದಲನೆಯದು ಆ ಭಾರದ ಅರ್ಧ, ಎರಡನೆಯದು ಮುಕ್ಕಾಲು, ಮೂರನೆಯದು ಪೂರ್ತಿ. ಇಂದು ಯಾವ ಜಿಮ್‌ಗೆ ಹೋದರೂ ತರಬೇತುದಾರರು ಹೇಳುವ ‘ಹತ್ತು ಹತ್ತು ಮೂರು ಸೆಟ್’ ಹುಟ್ಟಿದ್ದು ಆಸ್ಪತ್ರೆಯ ವಾರ್ಡಿನಲ್ಲಿ. ಈ ಕ್ಷೇತ್ರದ ನಿಜವಾದ ತಿರುವು ಇದೇ ಎಂದು ನನ್ನ ಎಣಿಕೆ. ಭಾರ ಮೊದಲ ಬಾರಿಗೆ ಬಲವಿಲ್ಲದವನ ಕಾಲಿಗೆ ಬಂತು.

ಮೈ ಮರಗಟ್ಟುವ ಭಯಕ್ಕೆ 1951ರಲ್ಲಿ ಉತ್ತರ ಸಿಕ್ಕಿತು. ಸ್ಪ್ರಿಂಗ್‌ಫೀಲ್ಡ್ ಕಾಲೇಜಿನ ಪೀಟರ್ ಕಾರ್ಪೊವಿಚ್ ಭಾರ ಎತ್ತುವುದನ್ನು ಒಪ್ಪದಿದ್ದ ವಿಜ್ಞಾನಿ. ಸಹಸಂಶೋಧಕ ಜೋರ್ಬಾಸ್ ಜೊತೆಗೂಡಿ ಭಾರ ಎತ್ತುವ 300 ಮಂದಿಯನ್ನೂ ಎತ್ತದ 300 ಮಂದಿಯನ್ನೂ ಯಂತ್ರದ ಹಿಡಿ ತಿರುಗಿಸಲು ಹಚ್ಚಿ ಅಳೆದರೆ, ಎತ್ತುವವರ ಕೈಯೇ ಚುರುಕು. ತಮ್ಮ ಅಭಿಪ್ರಾಯಕ್ಕೆ ವಿರುದ್ಧ ಬಂದದ್ದನ್ನು ಅವರು ಹಾಗೆಯೇ ಪ್ರಕಟಿಸಿದರು.

ಹೊಸದಾಗಿ ಸೇರಿದವರಿಗೆ ಮೊದಲ ಕೆಲವು ವಾರದಲ್ಲೇ ಎತ್ತುವ ಭಾರ ಏರುತ್ತದೆ, ತೋಳಿನ ಸುತ್ತಳತೆ ಮಾತ್ರ ಇದ್ದಷ್ಟೇ. ಕಾರಣ ನರಗಳು ಎಂದು 1979ರಲ್ಲಿ ಮೊರಿಟಾನಿ ಮತ್ತು ಡಿವ್ರೀಸ್ ತೋರಿಸಿದರು: ಇರುವ ಸ್ನಾಯುತಂತುಗಳನ್ನೇ ಹೆಚ್ಚು ಸಂಖ್ಯೆಯಲ್ಲಿ ದುಡಿಸಲು ನರಮಂಡಲ ಕಲಿಯುತ್ತದೆ, ಸ್ನಾಯು ದಪ್ಪವಾಗುವುದು ಆಮೇಲೆ. ತಂತುಗಳನ್ನು ಕರೆಯುವಾಗ ನರಮಂಡಲ ಚಿಕ್ಕ ಗುಂಪಿನಿಂದ ಶುರುಮಾಡಿ ದೊಡ್ಡದಕ್ಕೆ ಹೋಗುತ್ತದೆಂದು ಹೆನ್ನೆಮನ್ ಎಂಬ ವಿಜ್ಞಾನಿ ಅದಕ್ಕೂ ಮುಂಚೆಯೇ ಕಂಡುಕೊಂಡಿದ್ದರು. ಹಗುರ ಭಾರವಾದರೂ ಸುಸ್ತಾಗುವವರೆಗೆ ಎತ್ತಿದರೆ ಕೊನೆಗೆ ದೊಡ್ಡ ಗುಂಪೂ ಕೆಲಸಕ್ಕೆ ಇಳಿಯಲೇಬೇಕು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ 2016ರ ಅಧ್ಯಯನದಲ್ಲಿ ಹಗುರ ಭಾರದವರ ಸ್ನಾಯುವೂ ಹೆಚ್ಚುಕಡಿಮೆ ಭಾರೀ ತೂಕದವರಷ್ಟೇ ಬೆಳೆದದ್ದು ಹೀಗೆ.

ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರದಿಂದ 1990ರಲ್ಲಿ ಬಂದ ವರದಿಯನ್ನು ಓದಿದರೆ ಈಗಲೂ ಅಚ್ಚರಿ. ಮರಿಯಾ ಫಿಯಟರೋನ್ ಮತ್ತು ಸಂಗಡಿಗರು ಸರಾಸರಿ 90 ವಯಸ್ಸಿನ ಹತ್ತು ಮಂದಿ ದುರ್ಬಲರನ್ನು ಕೂರಿಸಿ, ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಹಗುರವಾದದ್ದಲ್ಲ, ಅವರವರ ಗರಿಷ್ಠ ಶಕ್ತಿಯ 80 ಪ್ರತಿಶತಕ್ಕೆ ಏರಿಸಿದ ಭಾರ. ಬಲ ಸರಾಸರಿ 174 ಪ್ರತಿಶತ ಹೆಚ್ಚಿತು. ತೊಡೆಯ ಸ್ನಾಯು ಶೇಕಡಾ 9ರಷ್ಟು ಬೆಳೆಯಿತು. ಇಬ್ಬರು ಊರುಗೋಲು ಬಿಟ್ಟರು. ಸ್ನಾಯುವಿಗೆ ನಿವೃತ್ತಿ ವಯಸ್ಸು ಇಲ್ಲ.

ಹೆಂಗಸರ ಪಾಲಿಗೆ ಬಾಗಿಲು ತೆರೆದದ್ದು ಇನ್ನೂ ತಡವಾಗಿ. 1896ರಲ್ಲೇ ಒಲಿಂಪಿಕ್ಸ್‌ನಲ್ಲಿದ್ದ ಭಾರ ಎತ್ತುವ ಸ್ಪರ್ಧೆಗೆ ಮಹಿಳೆಯರು ಇಳಿದದ್ದು 2000ದ ಸಿಡ್ನಿಯಲ್ಲಿ. ಅಲ್ಲೇ ಕರ್ಣಂ ಮಲ್ಲೇಶ್ವರಿ 240 ಕಿಲೋ ಎತ್ತಿ ಕಂಚು ಗೆದ್ದರು. ಮುಟ್ಟು ನಿಂತ ಮೇಲೆ ಮೂಳೆ ಸವೆಯುವವರಿಗೆ ಭಾರೀ ತೂಕ ಅಪಾಯ ಎಂದೇ ಹೇಳಿಕೊಂಡು ಬಂದಿದ್ದರು. ಆಸ್ಟ್ರೇಲಿಯಾದ ಲಿಫ್ಟ್‌ಮೋರ್ ಪ್ರಯೋಗದಲ್ಲಿ ಮೂಳೆಸಾಂದ್ರತೆ ಕಡಿಮೆಯಾಗಿದ್ದ 101 ಮಹಿಳೆಯರಲ್ಲಿ ಒಂದು ಗುಂಪಿನವರು ತಜ್ಞರ ಕಣ್ಗಾವಲಿನಲ್ಲಿ ಎಂಟು ತಿಂಗಳು, ವಾರಕ್ಕೆರಡು ಸಲ ಅರ್ಧ ಗಂಟೆ ಡೆಡ್‌ಲಿಫ್ಟ್, ಸ್ಕ್ವಾಟ್ ಮಾಡಿದರು. ಅವರ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಶೇಕಡಾ 2.9ರಷ್ಟು ಏರಿತು, ಮನೆಯಲ್ಲೇ ಹಗುರ ವ್ಯಾಯಾಮ ಮಾಡಿದವರದು ಶೇಕಡಾ 1.2 ಇಳಿಯಿತು.

ಭಾರ ಎತ್ತಲು ಭಾರತೀಯರಿಗೆ ಇನ್ನೊಂದು ಕಾರಣವಿದೆ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹಾಕಿದರು. ಇಬ್ಬರ ಬಿಎಂಐ ಕೂಡ 22.3. ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇಕಡಾ 9.1, ಯಾಜ್ಞಿಕ್‌ಗೆ 21.2. ನಮ್ಮವರು ನೋಡಲು ಸಣಕಲು, ಒಳಗೆ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಇನ್ಸುಲಿನ್ ಕರೆಗೆ ಓಗೊಟ್ಟು ರಕ್ತದ ಸಕ್ಕರೆಯನ್ನು ಹೆಚ್ಚು ಹೀರುವುದು ಸ್ನಾಯುವೇ; ದುಡಿಯುವ ಸ್ನಾಯು ಇನ್ಸುಲಿನ್ ಕರೆಯದೆಯೂ ಹೀರುತ್ತದೆ. ಬರೀ ತೂಕ ಇಳಿಸಿ ಎಂಬ ಸಲಹೆ ಇಂಥವರಿಗೆ ಅರ್ಧ ಸಲಹೆ.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರೂ ಸೇರಿದ್ದ, 17 ದೇಶಗಳ ‘ಪ್ಯೂರ್’ ಅಧ್ಯಯನ ಸುಮಾರು 1.4 ಲಕ್ಷ ಜನರ ಹಿಡಿತದ ಬಲವನ್ನು ಅಳೆಯಿತು. ಬಲ 5 ಕಿಲೋ ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇಕಡಾ 16 ಹೆಚ್ಚು ಎಂದು 2015ರಲ್ಲಿ ವರದಿಯಾಯಿತು. ಹಾಗೆಂದು ಸ್ಪ್ರಿಂಗ್ ಹಿಡಿ ಕೊಂಡು ದಿನವಿಡೀ ಹಿಸುಕಿದರೆ ಆಯಸ್ಸು ಹೆಚ್ಚದು. ಹಿಡಿತ ಇಡೀ ಮೈಯ ಬಲಕ್ಕೆ ಸೂಚಕ, ಅಷ್ಟೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಜಪಾನಿನ ಸಂಶೋಧಕರು 2022ರಲ್ಲಿ ಕೊಟ್ಟ ಲೆಕ್ಕ ಇನ್ನೂ ಕುತೂಹಲದ್ದು. ಬಲವರ್ಧನೆಯ ವ್ಯಾಯಾಮ ಮಾಡುವವರಲ್ಲಿ ಸಾವು, ಹೃದ್ರೋಗ, ಮಧುಮೇಹದಂಥ ಅಪಾಯಗಳು ಶೇಕಡಾ 10ರಿಂದ 17 ಕಡಿಮೆ. ಅದೂ ವಾರಕ್ಕೆ 30ರಿಂದ 60 ನಿಮಿಷ ಮಾಡಿದರೆ ಸಾವಿನ ವಿಷಯದಲ್ಲಿ ಲಾಭ ಅತಿ ಹೆಚ್ಚು. ದಿನಕ್ಕೆರಡು ಗಂಟೆ ಜಿಮ್‌ನಲ್ಲೇ ಇರುವವರಿಗೆ ಇದು ರುಚಿಸದಿರಬಹುದು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ವಾರಕ್ಕೆ ಕನಿಷ್ಠ ಎರಡು ದಿನ ಬಲವರ್ಧನೆಯ ವ್ಯಾಯಾಮ, ನಡಿಗೆಯ ಜೊತೆಗೆ. ನಡಿಗೆಯ ಬದಲಿಗಲ್ಲ. ಮನೆಯಲ್ಲಾದರೆ ಕೈ ಊರದೆ ಕುರ್ಚಿಯಿಂದ ಏಳುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ತುಂಬಿದ ಚೀಲ ಎತ್ತುವುದು ಸಾಕು. ಸುಲಭ ಎನಿಸಿದ ದಿನ ಭಾರವನ್ನೋ ಎಣಿಕೆಯನ್ನೋ ಏರಿಸಬೇಕು. ಬಿಪಿ, ಹೃದ್ರೋಗ, ಹರ್ನಿಯಾ ಇದ್ದವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಎತ್ತುವಾಗ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಆ ಕ್ಷಣಕ್ಕೆ ವಿಪರೀತ ಏರುತ್ತದೆ, ಹಾಗಾಗಿ ಅಂಥವರು ಎತ್ತುತ್ತ ಉಸಿರು ಬಿಡಬೇಕು.